ಜಿಪ್ಸಿ ಕಿಂಗ್‌ಗೆ ಬದಲಿ ಕ್ಯಾಮ್‌ಶಾಫ್ಟ್ ಮತ್ತು ಪೂರ್ಣ ವಾಲ್ವ್ ಸೆಟ್: ಐದು ವರ್ಷ, 41,000 ಕಿಲೋಮೀಟರ್ ಬಳಕೆಯ ನಂತರ

ಸಕಲೇಶಪುರದ ಬಳಿ ಇರುವ ನಮ್ಮ ತೋಟದ ಕೆಲಸಕ್ಕೂ, ವರ್ಷಕ್ಕೆ ಎರಡು ಮೂರು ಬಾರಿ ಆಟೋಕ್ರಾಸ್ (ಮಣ್ಣಿನ ಹಾದಿಯ ಕಾರು ಓಟ) ಸ್ಪರ್ಧೆಗೂ ನಾನು ಬಳಸುವುದು ಒಂದೇ ಗಾಡಿಯನ್ನು, 2004ರ ಮಾರುತಿ ಜಿಪ್ಸಿ ಕಿಂಗ್. ಮಾರುತಿಯ ಎಸ್ಟೀಮ್ ಕಾರಿನಲ್ಲೂ ಇದ್ದ ಜಿ13ಬಿಬಿ ಎಂಜಿನ್ ಇದರದ್ದು: 1298 ಸಿಸಿ, 74 ಮಿ.ಮೀ. ಬೋರ್ (ಸಿಲಿಂಡರಿನ ಒಳವ್ಯಾಸ), 75.5 ಮಿ.ಮೀ. ಸ್ಟ್ರೋಕ್ (ಪಿಸ್ಟನ್ ಚಲಿಸುವ ದೂರ), ಎಂಜಿನ್ನಿನ ಮೇಲ್ಭಾಗವಾದ ಹೆಡ್‌ನಲ್ಲಿ ಒಂದೇ ಕ್ಯಾಮ್‌ಶಾಫ್ಟ್ (ಲೋಬುಗಳೆಂಬ ಉಬ್ಬಿದ ಬಿಲ್ಲೆಗಳಿರುವ ತಿರುಗುವ ದಂಡ), ರಾಕರ್‌ಗಳ (ಲೋಬಿನ ಒತ್ತಡವನ್ನು ವಾಲ್ವಿಗೆ ದಾಟಿಸುವ ಸನ್ನೆಗಳ) ಮೂಲಕ ತೆರೆಯುವ ಹದಿನಾರು ವಾಲ್ವ್‌ಗಳು. ಕಂಪನಿಯಿಂದ ಬಂದಾಗ ಇದರ ಶಕ್ತಿ 6000 ಆರ್‌ಪಿಎಂನಲ್ಲಿ (ನಿಮಿಷಕ್ಕೆ 6000 ಸುತ್ತು) 80 ಅಶ್ವಶಕ್ತಿ. ಕರ್ನಾಟಕದ ಕೆ-1000ದಂಥ ಕಾರು ರ‍್ಯಾಲಿಗಳಲ್ಲಿ ಜಿಪ್ಸಿ ಮತ್ತು ಎಸ್ಟೀಮ್‌ಗಳು ವರ್ಷಗಟ್ಟಲೆ ಓಡಿದ್ದರಿಂದ ಈ ಎಂಜಿನ್ನಿನ ಹೆಡ್ ಕೆಲಸ ಬಲ್ಲವರು ಬೆಂಗಳೂರಿನಲ್ಲಿ ಇಂದಿಗೂ ಸಿಗುತ್ತಾರೆ, ಬಿಡಿಭಾಗಗಳಿಗೆ ಜೆ.ಸಿ. ರಸ್ತೆ ಇದ್ದೇ ಇದೆ. ಆದರೂ ನಾನು ಈ ಕೆಲಸವನ್ನು ಎರಡು ಬಾರಿ ಮಾಡಿಸಬೇಕಾಯಿತು. ಮೊದಲ ಬಾರಿ ಕ್ಯಾಮ್ ಒಂದನ್ನೇ ಬದಲಿಸಿದೆ, ಎರಡನೆಯ ಬಾರಿ ಕ್ಯಾಮ್‌ನೊಂದಿಗೆ ವಾಲ್ವ್ ಸ್ಪ್ರಿಂಗ್, ಅದರ ಮೇಲೆ ಕೂರುವ ರಿಟೇನರ್ ಬಿಲ್ಲೆ, ಆ ಬಿಲ್ಲೆಯನ್ನು ಹಿಡಿದಿಡುವ ವಾಲ್ವ್ ಲಾಕ್, ಎಣ್ಣೆ ಒಳಗಿಳಿಯದಂತೆ ತಡೆಯುವ ಸೀಲ್, ರಾಕರ್ ಎಲ್ಲವನ್ನೂ ಬದಲಿಸಿದೆ. ಈ ವಿಮರ್ಶೆ ಮುಖ್ಯವಾಗಿ ಎರಡನೆಯದರ ಕುರಿತದ್ದು, ಆದರೆ ಮೊದಲನೆಯದನ್ನು ಹೇಳದೆ ಅದರ ಬೆಲೆ ಅರ್ಥವಾಗುವುದಿಲ್ಲ.

ಮೊದಲ ಕ್ಯಾಮ್ ರೀಗ್ರೈಂಡ್ ಮಾಡಿದ್ದಾಗಿತ್ತು. ಹಳೆಯ ಕ್ಯಾಮ್‌ಶಾಫ್ಟಿನ ಬೇಸ್ ಸರ್ಕಲ್ಲನ್ನು, ಅಂದರೆ ಲೋಬಿನ ಉಬ್ಬಿಲ್ಲದ ದುಂಡು ಭಾಗವನ್ನು, ಉಜ್ಜಿ ಸಣ್ಣದು ಮಾಡಿದರೆ ಉಬ್ಬಿನ ಎತ್ತರ ಅದಕ್ಕೆ ಹೋಲಿಸಿದಂತೆ ಹೆಚ್ಚುತ್ತದೆ; ವಾಲ್ವ್ ಹೆಚ್ಚು ಆಳಕ್ಕೆ, ಹೆಚ್ಚು ಹೊತ್ತು ತೆರೆಯುತ್ತದೆ. ಅದನ್ನು ಕೂರಿಸಿದ ಗ್ಯಾರೇಜಿನವರು "ಸ್ಪ್ರಿಂಗ್ ಚೆನ್ನಾಗಿಯೇ ಇದೆ ಸರ್, ಟ್ಯಾಪೆಟ್ ಸೆಟ್ ಮಾಡಿದರೆ ಸಾಕು" ಎಂದರು, ಅಂದರೆ ರಾಕರಿಗೂ ವಾಲ್ವಿಗೂ ನಡುವಿನ ಸಣ್ಣ ಅಂತರವನ್ನು ಸರಿಪಡಿಸಿದರೆ ಸಾಕೆಂದು; ನಾನೂ ಒಪ್ಪಿದೆ. ಒಂದೇ ದಿನದಲ್ಲಿ ಗಾಡಿ ಕೈಗೆ ಬಂತು. ಮೊದಲ ಎರಡು ತಿಂಗಳು 4000 ಆರ್‌ಪಿಎಂ ದಾಟಿದ ಮೇಲೆ ಅದರ ಎಳೆತ ನಿಜಕ್ಕೂ ಸಂತೋಷ ಕೊಡುವಂತಿತ್ತು. ನಂತರ 6200ರ ಸುಮಾರಿಗೆ ಎಂಜಿನ್ ತಡವರಿಸತೊಡಗಿತು, ಬೆಳಿಗ್ಗೆ ಸ್ಟಾರ್ಟ್ ಮಾಡಿದಾಗ ನೀಲಿ ಹೊಗೆ ಕಾಣಿಸಿತು, ಟ್ಯಾಪೆಟ್ ಸದ್ದು ಎಷ್ಟು ಬಾರಿ ಸೆಟ್ ಮಾಡಿಸಿದರೂ ಎರಡೇ ವಾರಕ್ಕೆ ಮರಳಿ ಬರುತ್ತಿತ್ತು.

ನಾಲ್ಕು ಸಾವಿರ ಕಿಲೋಮೀಟರ್ ಆದಾಗ, ಪೀಣ್ಯದಲ್ಲಿ ಹೆಡ್ ಕೆಲಸ ಮಾಡುವ ಹಿರಿಯ ಮೆಕ್ಯಾನಿಕ್ ಒಬ್ಬರ ಮುಂದೆ ಹೆಡ್ ಕವರ್ ತೆರೆಸಿದೆ. ಅವರು ಟಾರ್ಚ್ ಹಿಡಿದು ಕ್ಯಾಮನ್ನು ಕೈಯಿಂದ ನಿಧಾನವಾಗಿ ತಿರುಗಿಸಿ ಮೂರನೆಯ ಸಿಲಿಂಡರಿನ ಎಕ್ಸಾಸ್ಟ್ (ಹೊಗೆ ಹೊರಬಿಡುವ ವಾಲ್ವಿನ) ಲೋಬನ್ನು ತೋರಿಸಿದರು. ಅದರ ತುದಿಯಲ್ಲಿ ಉಗುರಿಗೆ ಸಿಗುವಷ್ಟು ಆಳದ ಗೀರುಗಳಿದ್ದವು. ಅದರ ಮೇಲೆ ಜಾರುವ ರಾಕರಿನ ಮುಖ ಕನ್ನಡಿಯಂತೆ ಹೊಳೆಯಬೇಕಾದ ಕಡೆ ಮಂಕಾಗಿ, ಕೆರೆದಂತಾಗಿತ್ತು. ಹೆಡ್ಡಿನ ಮೂಲೆಯಲ್ಲಿ ನಿಂತಿದ್ದ ಎಣ್ಣೆಯನ್ನು ಅವರು ಬೆರಳಲ್ಲಿ ತೆಗೆದು ಬೆಳಕಿಗೆ ಹಿಡಿದಾಗ ಅದರಲ್ಲಿ ಲೋಹದ ಸಣ್ಣ ಮಿನುಗು ಕಂಡಿತು. ಸ್ಪ್ರಿಂಗ್‌ಗಳನ್ನು ಬಿಚ್ಚಿದ ಮೇಲೆ ಇನ್ನೊಂದು ವಿಷಯ ಹೊರಬಿತ್ತು: ಐದು ವಾಲ್ವ್ ಸೀಲ್‌ಗಳ ನೆತ್ತಿಯ ಮೇಲೆ ಬಳೆಯಂತೆ ದುಂಡಗಿನ ಗುರುತು ಬಿದ್ದಿತ್ತು. ವಾಲ್ವ್ ಪೂರ್ತಿ ತೆರೆದಾಗ ರಿಟೇನರ್ ಕೆಳಗಿಳಿದು ಸೀಲನ್ನು ಗುದ್ದಿದ ಗುರುತು ಅದು. ಹಾಳಾದ ಸೀಲ್ ದಾಟಿ ಇಳಿದ ಎಣ್ಣೆ ಉರಿದು ನೀಲಿ ಹೊಗೆ ಬಂದದ್ದು ಅಲ್ಲಿಂದ.

ಇದು ಏಕೆ ಆಯಿತು ಎಂಬುದನ್ನು ಸ್ವಲ್ಪ ವಿವರವಾಗಿ ಬರೆಯುತ್ತೇನೆ, ಏಕೆಂದರೆ ಕ್ಯಾಮ್ ಕೊಳ್ಳುವಾಗ ಅಂಗಡಿಯಲ್ಲಿ ಯಾರೂ ಇದನ್ನು ಹೇಳುವುದಿಲ್ಲ. ಎಂಜಿನ್ 6000 ಆರ್‌ಪಿಎಂನಲ್ಲಿ ತಿರುಗುವಾಗ ಕ್ಯಾಮ್ ಅದರ ಅರ್ಧ ವೇಗದಲ್ಲಿ ತಿರುಗುತ್ತದೆ, ಅಂದರೆ ಪ್ರತಿಯೊಂದು ವಾಲ್ವ್ ಒಂದು ಸೆಕೆಂಡಿನಲ್ಲಿ 50 ಬಾರಿ ತೆರೆದು ಮುಚ್ಚಿಕೊಳ್ಳುತ್ತದೆ. ತೆರೆಯುವುದು ಕ್ಯಾಮಿನ ಕೆಲಸ. ವಾಲ್ವ್ ಮತ್ತು ರಾಕರ್ ಲೋಬಿನ ಮೈಬಿಟ್ಟು ಹಾರದಂತೆ ಹಿಡಿದಿಟ್ಟು ಮರಳಿ ಮುಚ್ಚುವುದು ಸ್ಪ್ರಿಂಗಿನ ಕೆಲಸ. ಅದಕ್ಕೆ ಬೇಕಾಗುವ ಬಲ ಆರ್‌ಪಿಎಂನ ವರ್ಗಕ್ಕೆ ತಕ್ಕಂತೆ ಏರುತ್ತದೆ. ಎಂಜಿನ್ನನ್ನು 6000ದಿಂದ 6500ಕ್ಕೆ ಒಯ್ದರೆ ವೇಗ ಹೆಚ್ಚುವುದು ಶೇಕಡಾ 8ರಷ್ಟು ಮಾತ್ರ, ಆದರೆ ಬೇಕಾದ ಬಲ ಶೇಕಡಾ 17ರಷ್ಟು ಹೆಚ್ಚುತ್ತದೆ. ಇದರ ಮೇಲೆ, ಹೊಸ ಲೋಬಿನ ಇಳಿಜಾರು ಹಳೆಯದಕ್ಕಿಂತ ಕಡಿದಾಗಿದ್ದರೆ ಅದೇ ಆರ್‌ಪಿಎಂನಲ್ಲೂ ವಾಲ್ವಿಗೆ ಇನ್ನೂ ಹೆಚ್ಚಿನ ಹಿಡಿತ ಬೇಕು. ಹದಿನೈದು ವರ್ಷ ಬಿಸಿಯಲ್ಲಿ ಬೆಂದ ನನ್ನ ಹಳೆಯ ಸ್ಪ್ರಿಂಗ್‌ಗಳನ್ನು ಟೆಸ್ಟರ್ ಮೇಲಿಟ್ಟಾಗ, ಒಂದೊಂದೂ ಒಂದೊಂದು ಬಲ ತೋರಿಸಿತು. ಹಳೆಯ ಕ್ಯಾಮಿಗೆ ಅವು ಸಾಕಾಗುತ್ತಿದ್ದವು, ಹೊಸದಕ್ಕೆ ಸಾಲಲಿಲ್ಲ. 6200ರ ತಡವರಿಕೆ ಇಗ್ನಿಷನ್ನಿನದಲ್ಲ, ವಾಲ್ವ್‌ಗಳು ಲೋಬನ್ನು ಬಿಟ್ಟು ತೇಲುತ್ತಿದ್ದದ್ದು. ತೇಲಿದ ರಾಕರ್ ಮರಳಿ ಲೋಬಿಗೆ ಬಡಿದಾಗ ಎಣ್ಣೆಯ ಪದರ ಒಡೆಯುತ್ತದೆ, ಗೀರು ಬೀಳುತ್ತದೆ.

ಹೋಂಡಾ ಕಂಪನಿ 1995ರಲ್ಲಿ ಇಂಟೆಗ್ರಾ ಟೈಪ್ ಆರ್ ಕಾರನ್ನು ಹೊರತಂದಾಗ ಹೆಚ್ಚು ಲಿಫ್ಟ್‌ನ (ವಾಲ್ವನ್ನು ಹೆಚ್ಚು ಆಳಕ್ಕೆ ತೆರೆಯುವ) ಕ್ಯಾಮ್‌ಗಳೊಂದಿಗೆ ಇನ್‌ಟೇಕ್ (ಗಾಳಿ ಒಳಬಿಡುವ) ವಾಲ್ವ್‌ಗಳಿಗೆ ಜೋಡಿ ಸ್ಪ್ರಿಂಗ್‌ಗಳನ್ನು ತಾನೇ ಹಾಕಿತ್ತು. ಕ್ಯಾಮನ್ನೂ ಸ್ಪ್ರಿಂಗನ್ನೂ ಒಟ್ಟಿಗೆ ಯೋಚಿಸಬೇಕೆಂಬುದಕ್ಕೆ ನನಗೆ ಇದಕ್ಕಿಂತ ಒಳ್ಳೆಯ ಸಾಕ್ಷಿ ಬೇಕಾಗಲಿಲ್ಲ.

ಎರಡನೆಯ ಬಾರಿ ಕೊಂಡ ಸೆಟ್‌ನಲ್ಲಿ ಹೊಸ ಕ್ಯಾಮ್, ಹದಿನಾರು ಸ್ಪ್ರಿಂಗ್, ಹದಿನಾರು ಉಕ್ಕಿನ ರಿಟೇನರ್ ಮತ್ತು ಲಾಕ್‌ಗಳಿದ್ದವು. ರಾಕರ್ ಮತ್ತು ಸೀಲ್‌ಗಳನ್ನು ಕಂಪನಿಯ ಅಸಲಿ ಭಾಗಗಳಾಗಿಯೇ ತಂದೆ. ಸೆಟ್ ಕೊಟ್ಟವರು ಇನ್ನೂ ಗಡುಸಾದ ಸ್ಪ್ರಿಂಗ್ ಕೂಡ ಇದೆ ಎಂದು ತೋರಿಸಿದರು. ಮೆಕ್ಯಾನಿಕ್ ಬೇಡವೆಂದರು, ಅವರ ಮಾತು ಸರಿಯಾಗಿತ್ತು. ಬೇಕಾದದ್ದಕ್ಕಿಂತ ಗಡುಸಾದ ಸ್ಪ್ರಿಂಗ್ ಲೋಬು ಮತ್ತು ರಾಕರ್‌ಗಳ ನಡುವಿನ ಒತ್ತಡವನ್ನು ಸದಾಕಾಲ ಹೆಚ್ಚಿಸುತ್ತದೆ, ಕ್ಯಾಮನ್ನು ತಿರುಗಿಸುವ ಟೈಮಿಂಗ್ ಬೆಲ್ಟಿನ ಮೇಲೂ ಭಾರ ಹಾಕುತ್ತದೆ. ನನ್ನದು 6500 ದಾಟದ ಗಾಡಿ. ಎಂಟು ಸಾವಿರಕ್ಕೆಂದು ಮಾಡಿದ ಸ್ಪ್ರಿಂಗ್ ಅದಕ್ಕೆ ಬೇಕಿಲ್ಲ.

ಜೋಡಣೆಗೆ ಒಟ್ಟು ನಾಲ್ಕು ದಿನ ಹಿಡಿಯಿತು, ಅದರಲ್ಲಿ ಎರಡು ದಿನ ಪೂರ್ತಿ ಅಳತೆಗೇ ಹೋಯಿತು. ಮೊದಲು ಪ್ರತಿಯೊಂದು ವಾಲ್ವಿನಲ್ಲೂ ಸ್ಪ್ರಿಂಗ್ ಕೂರುವ ಎತ್ತರವನ್ನು ಅಳೆದು, ವ್ಯತ್ಯಾಸ ಇದ್ದಲ್ಲಿ ತೆಳುವಾದ ಶಿಮ್ (ಲೋಹದ ಬಿಲ್ಲೆ) ಇಟ್ಟು ಹದಿನಾರನ್ನೂ ಒಂದೇ ಎತ್ತರಕ್ಕೆ ತಂದರು. ನಂತರ ಎರಡು ಅಂತರಗಳನ್ನು ನೋಡಿದರು. ವಾಲ್ವ್ ಪೂರ್ತಿ ತೆರೆದಾಗ ಸ್ಪ್ರಿಂಗಿನ ಸುರುಳಿಗಳು ಒಂದಕ್ಕೊಂದು ತಾಗಿ ಘನವಾಗುವುದಕ್ಕೆ ಮುಂಚೆ ಇನ್ನೂ ಸುಮಾರು 1.5 ಮಿ.ಮೀ. ಉಳಿದಿರಬೇಕು, ರಿಟೇನರಿನ ಅಡಿಗೂ ಸೀಲಿನ ನೆತ್ತಿಗೂ ನಡುವೆಯೂ ಅಷ್ಟೇ ಜಾಗ ಇರಬೇಕು. ಕ್ಯಾಮ್ ಒಂದು ಮಿಲಿಮೀಟರ್ ಹೆಚ್ಚು ಲಿಫ್ಟ್ ಕೊಟ್ಟರೆ ಆ ಒಂದು ಮಿಲಿಮೀಟರ್ ಈ ಎರಡೂ ಜಾಗಗಳಿಂದಲೇ ಕಳೆಯುತ್ತದೆ ಎಂಬ ಸರಳ ಲೆಕ್ಕವನ್ನು ಮೊದಲ ಗ್ಯಾರೇಜಿನಲ್ಲಿ ಯಾರೂ ಮಾಡಿರಲಿಲ್ಲ. ಹೊಸ ರಿಟೇನರಿನ ಅಡಿಭಾಗ ಕಡಿಮೆ ಎತ್ತರದ್ದಾದ್ದರಿಂದ ಸೀಲಿನ ಕಡೆಯ ಜಾಗ ಸರಿಯಾಗಿ ಸಿಕ್ಕಿತು.

ಪಿಸ್ಟನ್ನಿನ ನೆತ್ತಿಯ ಮೇಲೆ ಮಕ್ಕಳು ಆಡುವ ಕ್ಲೇ ಅಂಟಿಸಿ, ಹೆಡ್ ಕೂರಿಸಿ, ಎಂಜಿನ್ನನ್ನು ಕೈಯಿಂದ ಎರಡು ಸುತ್ತು ತಿರುಗಿಸಿ ಮತ್ತೆ ತೆಗೆದದ್ದು ಮೂರನೆಯ ದಿನ. ವಾಲ್ವಿನ ಅಚ್ಚು ಬಿದ್ದ ಕಡೆ ಕ್ಲೇಯನ್ನು ಬ್ಲೇಡಿನಿಂದ ಅಡ್ಡಡ್ಡ ಕೊಯ್ದು, ಅದರ ಅತಿ ತೆಳುವಾದ ಜಾಗವನ್ನು ವರ್ನಿಯರ್ ಕ್ಯಾಲಿಪರ್‌ನಲ್ಲಿ ಅಳೆದರು. ಇನ್‌ಟೇಕ್‌ಗೆ ಕನಿಷ್ಠ 2 ಮಿ.ಮೀ., ಎಕ್ಸಾಸ್ಟ್‌ಗೆ 2.5 ಮಿ.ಮೀ. ಇರಬೇಕೆಂಬುದು ಅವರ ರೂಢಿ. ಎಕ್ಸಾಸ್ಟ್ ವಾಲ್ವ್ ಹೆಚ್ಚು ಬಿಸಿಯಾಗಿ ಹಿಗ್ಗುತ್ತದೆ, ಮೇಲೇರುವ ಪಿಸ್ಟನ್ ಅದನ್ನು ಅಟ್ಟಿಸಿಕೊಂಡು ಬರುತ್ತದೆ. ಅದಕ್ಕೇ ಆ ಅರ್ಧ ಮಿಲಿಮೀಟರ್ ಹೆಚ್ಚು. ನಮ್ಮಲ್ಲಿ ಎರಡೂ ಕಡೆ ಬೇಕಾದದ್ದಕ್ಕಿಂತ ಹೆಚ್ಚೇ ಇತ್ತು. ವಾಲ್ವ್ ಸರಿಯಾದ ಹೊತ್ತಿಗೆ ತೆರೆಯುತ್ತದೆಯೇ ಎಂದು ಡಿಗ್ರಿ ವ್ಹೀಲ್ ಮತ್ತು ಡಯಲ್ ಗೇಜ್ ಇಟ್ಟು ನೋಡಿದಾಗ ಕ್ಯಾಮ್ ಮೂರು ಡಿಗ್ರಿ ಹಿಂದಿತ್ತು, ಅದನ್ನು ಕ್ಯಾಮಿನ ಕೋನವನ್ನು ಹೊಂದಿಸಬಹುದಾದ ವರ್ನಿಯರ್ ಪುಲ್ಲಿಯಿಂದ ಸರಿಪಡಿಸಿದರು. ಬೆಲ್ಟಿನ ಗುರುತುಗಳನ್ನು ನೋಡಿ ಕೂರಿಸಿ ಬಿಟ್ಟಿದ್ದರೆ ಇದು ಗೊತ್ತಾಗುತ್ತಲೇ ಇರಲಿಲ್ಲ.

ಹೊಸ ಕ್ಯಾಮಿಗೆ ಹೊಸ ರಾಕರ್‌ಗಳೇ ಬೇಕು, ಈ ವಿಷಯದಲ್ಲಿ ನಾನು ಯಾರಿಗೂ ರಿಯಾಯಿತಿ ಕೊಡಲಾರೆ. ಹಳೆಯ ರಾಕರಿನ ಮುಖ ಹಳೆಯ ಲೋಬಿಗೆ ಸವೆದು ಹೊಂದಿಕೊಂಡಿರುತ್ತದೆ. ಅದನ್ನು ಹೊಸ ಲೋಬಿನ ಮೇಲಿಟ್ಟರೆ ಒತ್ತಡವೆಲ್ಲ ಒಂದು ಸಣ್ಣ ಗೆರೆಯ ಮೇಲೆ ಬೀಳುತ್ತದೆ. ರೀಗ್ರೈಂಡ್ ಕ್ಯಾಮಿನಲ್ಲಿ ಇನ್ನೊಂದು ಅಪಾಯವೂ ಇದೆ: ಎರಕದ ಕ್ಯಾಮಿನ ಗಟ್ಟಿ ಪದರ ಮೇಲ್ಮೈಯಿಂದ ಕೆಲವೇ ಮಿಲಿಮೀಟರ್ ಆಳದವರೆಗೆ ಇರುತ್ತದೆ, ಹೆಚ್ಚು ಉಜ್ಜಿದರೆ ಅದರ ಕೆಳಗಿನ ಮೆದು ಲೋಹ ಹೊರಬರುತ್ತದೆ. ಬೇಸ್ ಸರ್ಕಲ್ ಸಣ್ಣದಾದಷ್ಟೂ ರಾಕರಿನ ಸ್ಕ್ರೂ ಹೆಚ್ಚು ಹೊರಬರಬೇಕಾಗಿ, ಅದರ ತುದಿ ವಾಲ್ವ್ ಕಡ್ಡಿಯ ಮೇಲ್ತುದಿಯ ನಡುವಿನಿಂದ ಸರಿಯುತ್ತದೆ. ಇದನ್ನು ನೋಡಲು ಮೆಕ್ಯಾನಿಕ್ ಆ ಮೇಲ್ತುದಿಗೆ ನೀಲಿ ಮಾರ್ಕರ್ ಬಳಿದು ಕ್ಯಾಮ್ ತಿರುಗಿಸಿದರು. ಶಾಯಿ ಅಳಿಸಿದ ಗೆರೆ ನಡುವಿನಲ್ಲೇ ಬಂದಾಗ ಮುಂದುವರಿದರು. ವಾಟರ್ ಪಂಪ್, ಟೆನ್ಷನರ್, ಬೆಲ್ಟ್, ಕ್ಯಾಮ್ ಆಯಿಲ್ ಸೀಲ್ ಇವನ್ನು ಜೊತೆಯಲ್ಲೇ ಬದಲಿಸಿಕೊಳ್ಳುವುದು ಲೇಸು.

ಮೊದಲ ಸ್ಟಾರ್ಟ್ ಆದ ಕ್ಷಣದಿಂದ ಇಪ್ಪತ್ತು ನಿಮಿಷ ಎಂಜಿನ್ನನ್ನು ಐಡ್ಲಿಂಗ್‌ಗೆ ಬಿಡದೆ 2000ದಿಂದ 2500 ಆರ್‌ಪಿಎಂ ನಡುವೆ ಓಡಿಸಿದೆವು. ನಿಧಾನವಾಗಿ ಓಡುವಾಗ ಲೋಬಿಗೆ ಸಿಡಿಯುವ ಎಣ್ಣೆ ಕಡಿಮೆ, ಲೋಬಿನ ತುದಿಯ ಮೇಲೆ ಸ್ಪ್ರಿಂಗಿನ ಒತ್ತಡ ಮಾತ್ರ ಹೆಚ್ಚು. ಹೊಸ ಮುಖಗಳು ಒಂದಕ್ಕೊಂದು ಹೊಂದಿಕೊಳ್ಳುವ ಆ ಹೊತ್ತಿನಲ್ಲೇ ಕ್ಯಾಮ್‌ಗಳು ಹಾಳಾಗುವುದು ಹೆಚ್ಚು. ಕ್ಯಾಮಿಗೆ ಮೊದಲೇ ಅಸೆಂಬ್ಲಿ ಲೂಬ್ (ಜೋಡಿಸುವಾಗ ಹಚ್ಚುವ ಜಾರುಕ) ಬಳಿಯಲಾಗಿತ್ತು. 500 ಕಿಲೋಮೀಟರ್‌ಗೆ ಎಣ್ಣೆ, ಫಿಲ್ಟರ್ ಬದಲಿಸಿ ಟ್ಯಾಪೆಟ್ ಮತ್ತೆ ನೋಡಿದೆವು. ಆಗಿನಿಂದ 20ಡಬ್ಲ್ಯು-50 ಎಣ್ಣೆಯನ್ನು 5,000 ಕಿಲೋಮೀಟರ್‌ಗೆ ಒಮ್ಮೆ ತಪ್ಪದೆ ಬದಲಿಸುತ್ತಿದ್ದೇನೆ.

ಐದು ವರ್ಷಗಳ ಬಳಕೆಯಲ್ಲಿ ನನ್ನ ತೃಪ್ತಿ ದೊಡ್ಡದು, ಆದರೆ ಕೊರತೆಗಳನ್ನು ಮುಚ್ಚಿಡುವುದಿಲ್ಲ. 2500 ಆರ್‌ಪಿಎಂಗಿಂತ ಕೆಳಗೆ ಪಿಕಪ್ ಮೊದಲಿಗಿಂತ ಕಡಿಮೆಯಾಗಿದೆ. ಗೊಬ್ಬರದ ಚೀಲಗಳನ್ನು ತುಂಬಿಕೊಂಡು ಗುಂಡ್ಯದಿಂದ ಶಿರಾಡಿ ಘಾಟಿ ಹತ್ತುವಾಗ, ಲಾರಿಯ ಹಿಂದೆ ಸಿಕ್ಕಿಕೊಂಡರೆ ಒಂದು ಗೇರ್ ಕೆಳಗೆ ಇಳಿಸಲೇಬೇಕು. ಕಂಪನಿಯ ಕ್ಯಾಮಿನಲ್ಲಿ ಹಾಗಿರಲಿಲ್ಲ. ಐಡ್ಲಿಂಗ್ ಸ್ವಲ್ಪ ಒರಟಾಗಿದೆ, ಲೀಟರಿಗೆ ಸುಮಾರು ಒಂದು ಕಿಲೋಮೀಟರ್ ಮೈಲೇಜ್ ಇಳಿದಿದೆ. ಹೊಗೆ ತಪಾಸಣೆಯಲ್ಲಿ ಗಾಡಿ ಪ್ರತಿ ಬಾರಿಯೂ ಪಾಸಾಗಿದೆ, ಆದರೆ ಎಂಜಿನ್ ಚೆನ್ನಾಗಿ ಬಿಸಿಯಾದ ಮೇಲೆಯೇ ಹೋಗಬೇಕು. ತೋಟದ ಭಾರ ಹೊರುವುದಕ್ಕೆ ಮಾತ್ರ ಜಿಪ್ಸಿ ಇಟ್ಟುಕೊಂಡವರಿಗೆ ಈ ಕ್ಯಾಮನ್ನು ನಾನು ಸೂಚಿಸುವುದಿಲ್ಲ. ಆಟೋಕ್ರಾಸ್‌ನ ಕೆಂಪು ಮಣ್ಣಿನಲ್ಲಿ ಎರಡನೆಯ ಗೇರಿನಲ್ಲಿ ತಿರುವಿನಿಂದ ಹೊರಬರುವಾಗ 4000ದಿಂದ 6500ರವರೆಗೆ ಒಂದೇ ಉಸಿರಿನಲ್ಲಿ ಎಳೆಯುವುದನ್ನು ಅನುಭವಿಸಿದವರಿಗೆ ಬೇರೆ ಮಾತು ಬೇಕಾಗುವುದಿಲ್ಲ.

ಖರ್ಚಿನಲ್ಲಿ ಕ್ಯಾಮಿನ ಪಾಲು ಮೂರರಲ್ಲಿ ಒಂದು ಭಾಗಕ್ಕಿಂತ ಕಡಿಮೆ. ಉಳಿದದ್ದು ಸ್ಪ್ರಿಂಗ್, ರಾಕರ್ ಮತ್ತು ಕೂಲಿಗೆ ಹೋಯಿತು. ಮೊದಲ ಬಾರಿ ಉಳಿಸಿದ ಹಣ, ಹಾಳಾದ ಕ್ಯಾಮ್ ಮತ್ತು ಎರಡನೆಯ ಸಲದ ಹೆಡ್ ಕೆಲಸದಲ್ಲಿ ಪೂರ್ತಿ ಕರಗಿತು.

20,000 ಕಿಲೋಮೀಟರ್ ಆದಾಗ ಹೆಡ್ ಕವರ್ ತೆಗೆದು ನೋಡಿದೆವು: ಟ್ಯಾಪೆಟ್ ಅಂತರ ಎರಡು ವಾಲ್ವ್‌ಗಳಲ್ಲಿ ಮಾತ್ರ ಕೂದಲೆಳೆಯಷ್ಟು ಬದಲಾಗಿತ್ತು. ಕಳೆದ ತಿಂಗಳು, 41,000ದಲ್ಲಿ, ಬೆಲ್ಟ್ ಬದಲಿಸುವ ನೆಪದಲ್ಲಿ ಎರಡು ಸ್ಪ್ರಿಂಗ್‌ಗಳನ್ನು ಹೊರತೆಗೆದು ಟೆಸ್ಟರ್ ಮೇಲಿಟ್ಟೆವು. ಹೊಸದಿದ್ದಾಗ ಪುಸ್ತಕದಲ್ಲಿ ಬರೆದಿಟ್ಟುಕೊಂಡಿದ್ದ ಬಲಕ್ಕಿಂತ ತುಸುವೇ ಕಡಿಮೆ ಇತ್ತು, ಎರಡೂ ಒಂದೇ ಸಮ. ಸೀಲ್‌ಗಳ ನೆತ್ತಿ ನುಣುಪಾಗಿದೆ. ಮೂರನೆಯ ಸಿಲಿಂಡರಿನ ಎಕ್ಸಾಸ್ಟ್ ಲೋಬಿನ ಮೇಲೆ ಉಗುರು ಆಡಿಸಿದೆ, ಎಲ್ಲಿಯೂ ತಡೆಯಲಿಲ್ಲ. ಮುಂದಿನ ಬಾರಿ ಹೆಡ್ ತೆರೆಯುವುದು 60,000ಕ್ಕೆ. ಆಗಿನ ಅಳತೆಗಳನ್ನು ಇಲ್ಲಿಯೇ ಸೇರಿಸುತ್ತೇನೆ.