ಹೆಸರು ಹೇಳಿದರೆ ಜೀವ ಉಳಿಯುತ್ತದೆ: ‘ದಿ ಕ್ರೂಸಿಬಲ್’ ಸಿನಿಮಾ ನೋಡಿ

ಕೋರ್ಟಿನಲ್ಲಿ ಸಾಕ್ಷಿಗಳ ಹೇಳಿಕೆ ಟೈಪ್ ಮಾಡುವುದು ನನ್ನ ಕೆಲಸ. ಯಾರು ಏನು ಕೇಳಿದರು, ಯಾರು ಏನು ಹೇಳಿದರು, ಕೊನೆಗೆ ಕಾಗದದಲ್ಲಿ ಏನು ಉಳಿಯಿತು ಅಂತ ನೋಡುತ್ತಲೇ ದಿನ ಕಳೆಯುತ್ತದೆ. ಹಾಗಾಗಿ 1996ರ ‘ದಿ ಕ್ರೂಸಿಬಲ್’ ಸಿನಿಮಾದಲ್ಲಿ ನನ್ನನ್ನು ಹಿಡಿದು ಕೂರಿಸಿದ್ದು ಅದರ ವಿಚಾರಣೆ.

ಮೂಲ ನಾಟಕ ಆರ್ಥರ್ ಮಿಲ್ಲರ್ ಅವರದು, 1953ರಲ್ಲಿ ರಂಗಕ್ಕೆ ಬಂದದ್ದು. ಚಿತ್ರಕಥೆಯನ್ನೂ ಅವರೇ ಬರೆದಿದ್ದಾರೆ. ನಿರ್ದೇಶನ ನಿಕೋಲಸ್ ಹೈಟ್ನರ್. ಕಥೆ 1692ರಲ್ಲಿ ಅಮೆರಿಕದ ಸೇಲಂ ಊರಿನಲ್ಲಿ ನಡೆದ ಮಾಟಗಾತಿಯರ ವಿಚಾರಣೆಯದು. ಆದರೆ ಮಿಲ್ಲರ್ ಕಣ್ಣೆದುರು ಇದ್ದದ್ದು ತಮ್ಮ ಕಾಲದ ಅಮೆರಿಕ. ಆಗ ಅಲ್ಲಿನ ಸಂಸತ್ತಿನ ಸಮಿತಿಯೊಂದು ನಟರನ್ನು, ಬರಹಗಾರರನ್ನು ಕರೆಸಿ, ನೀವು ಕಮ್ಯುನಿಸ್ಟರಾ, ನಿಮ್ಮ ಜೊತೆ ಇನ್ಯಾರಿದ್ದರು ಅಂತ ಕೇಳುತ್ತಿತ್ತು. ಹೆಸರು ಕೊಡದವರಿಗೆ ಸಿನಿಮಾದಲ್ಲಿ ಕೆಲಸ ಸಿಗುತ್ತಿರಲಿಲ್ಲ.

ಸೇಲಂನಲ್ಲೂ ಇದೇ ಲೆಕ್ಕ. ತಪ್ಪೊಪ್ಪಿಕೊಂಡು ಇನ್ನೊಬ್ಬರ ಹೆಸರು ಹೇಳಿದರೆ ಬದುಕಬಹುದು. ನಾನು ಮಾಟಗಾತಿ ಅಲ್ಲ ಅಂತ ಹಟ ಹಿಡಿದರೆ ನೇಣು. ಸಾಯಿಸುವ ಬೆದರಿಕೆಗೆ ನಲುಗಿದ ಗುಲಾಮ ಹೆಂಗಸು ಟಿಟುಬಾ ಮೊದಲು ಒಪ್ಪಿಕೊಳ್ಳುತ್ತಾಳೆ, ಬದುಕುತ್ತಾಳೆ. ಒಪ್ಪದ ರೆಬೆಕಾ ನರ್ಸ್ ಸಾಯುತ್ತಾಳೆ. ಇತಿಹಾಸದಲ್ಲೂ ಹೀಗೇ ಆಯಿತು. ಅಲ್ಲಿ ನೇಣಿಗೇರಿದ 19 ಜನರೂ ಆರೋಪ ಒಪ್ಪದವರು, ಇಲ್ಲವೇ ಒಪ್ಪಿ ಆಮೇಲೆ ಇಲ್ಲ ಅಂದವರು.

ಪಾಲ್ ಸ್ಕೋಫೀಲ್ಡ್ ಮಾಡಿರುವ ನ್ಯಾಯಾಧೀಶ ಡ್ಯಾನ್‌ಫೋರ್ತ್ ಪಾತ್ರಕ್ಕಾಗಿಯೇ ಸಿನಿಮಾ ನೋಡಬಹುದು. ಆತ ಕಿರುಚುವುದಿಲ್ಲ, ಲಂಚ ತಿನ್ನುವುದಿಲ್ಲ. ತನ್ನ ಕೋರ್ಟನ್ನು ಮನಸಾರೆ ನಂಬಿದ್ದಾನೆ. ಮಾಟ ಕಣ್ಣಿಗೆ ಕಾಣದ ಅಪರಾಧ, ಮಾಡಿದವಳು ತಾನಾಗಿ ಹೇಳುವುದಿಲ್ಲ, ಹಾಗಾಗಿ ಮಾಟದಿಂದ ನರಳುತ್ತಿದ್ದೇವೆ ಅನ್ನುವವರ ಮಾತನ್ನೇ ನಂಬಬೇಕು ಅನ್ನುತ್ತಾನೆ. ಕೇಳುವಾಗ ಸರಿ ಅನ್ನಿಸುತ್ತದೆ. ಆಮೇಲೆ ಹೊಳೆಯುತ್ತದೆ, ಈ ವಾದದಲ್ಲಿ ನಿರಪರಾಧಿಗೆ ಹೊರಗೆ ಬರುವ ಬಾಗಿಲೇ ಇಲ್ಲ!

ಆರೋಪ ಹೊತ್ತ ಹೆಂಗಸರು ಒಳ್ಳೆಯವರು ಅಂತ ಊರಿನ 91 ಜನ ಸಹಿ ಹಾಕಿದ ಕಾಗದ ಕೋರ್ಟಿಗೆ ಬರುತ್ತದೆ. ಸಹಿ ಮಾಡಿದವರನ್ನೆಲ್ಲ ಹಿಡಿದು ತಂದು ವಿಚಾರಿಸಿ ಅಂತ ಆಜ್ಞೆಯಾಗುತ್ತದೆ. ನೆರೆಯವರ ಪರವಾಗಿ ಹಾಕಿದ ಸಹಿ ಹಾಕಿದವರ ಕೊರಳಿಗೇ ಬಂತು. ಈ ದೃಶ್ಯ ನೋಡಿ ನನಗೆ ನಿಜವಾಗಿ ಭಯವಾಯಿತು. ಮುದುಕ ಜೈಲ್ಸ್ ಕೋರಿ ಕೂಡ ಒಂದು ಸಾಕ್ಷ್ಯ ತರುತ್ತಾನೆ. ಅದನ್ನು ಹೇಳಿದವರು ಯಾರು ಅಂತ ಕೇಳಿದರೆ ಬಾಯಿ ಬಿಡುವುದಿಲ್ಲ. ಕೋರ್ಟಿಗೆ ಅವಮಾನ ಅನ್ನುತ್ತಾರೆ. ನಾಟಕ ಬಂದು ಮೂರು ವರ್ಷದ ಮೇಲೆ, 1956ರಲ್ಲಿ, ಮಿಲ್ಲರ್ ಅವರೇ ಆ ಸಮಿತಿಯ ಮುಂದೆ ನಿಂತರು. ತಮ್ಮ ಬಗ್ಗೆ ಹೇಳಿದರು, ಬೇರೆಯವರ ಹೆಸರು ಕೊಡಲಿಲ್ಲ. ಸಂಸತ್ತಿಗೆ ಅವಮಾನ ಮಾಡಿದ್ದಕ್ಕೆ 1957ರಲ್ಲಿ ಶಿಕ್ಷೆಯಾಯಿತು. 1958ರಲ್ಲಿ ಮೇಲಿನ ಕೋರ್ಟು ಅದನ್ನು ರದ್ದು ಮಾಡಿತು.

ಕಥಾನಾಯಕ ಜಾನ್ ಪ್ರಾಕ್ಟರ್ ಆಗಿರುವ ಡೇನಿಯಲ್ ಡೇ ಲೂಯಿಸ್ ಬಗ್ಗೆ ಎಲ್ಲರೂ ಹೇಳುತ್ತಾರೆ. ನನಗೆ ಅವನ ಹೆಂಡತಿ ಎಲಿಜಬೆತ್ ಆಗಿರುವ ಜೋನ್ ಆಲೆನ್ ಜಾಸ್ತಿ ಇಷ್ಟವಾದರು. ಊರಿನವರ ಮೇಲೆ ಮಾಟದ ಆರೋಪ ಹೊರಿಸುತ್ತಿರುವ ಹುಡುಗಿ ಅಬಿಗೇಲ್ ಜೊತೆ ಗಂಡನಿಗೆ ಸಂಬಂಧ ಇತ್ತಾ ಅಂತ ಕೋರ್ಟು ಕೇಳುತ್ತದೆ. ಗಂಡ ಆಗಲೇ ಒಪ್ಪಿಕೊಂಡಿದ್ದಾನೆ ಅಂತ ಅವಳಿಗೆ ಗೊತ್ತಿಲ್ಲ. ಅವನ ಮರ್ಯಾದೆ ಉಳಿಸಲು, ಎಂದೂ ಸುಳ್ಳಾಡದವಳು ಇಲ್ಲ ಅನ್ನುತ್ತಾಳೆ. ಆ ಒಂದು ಮಾತಿಗೆ ಮೊದಲು ಆಲೆನ್ ಮುಖದಲ್ಲಿ ಏನೇನು ಓಡಾಡುತ್ತದೆ ನೋಡಬೇಕು.

ಕೊರತೆಗಳೂ ಇವೆ. ನಾಟಕದಲ್ಲಿ, ಈ ಗಲಾಟೆಗೆಲ್ಲ ಮೂಲವಾದ ಹುಡುಗಿಯರ ಕಾಡಿನ ಕುಣಿತ ಬರೀ ಮಾತಿನಲ್ಲಿ ಬರುತ್ತದೆ. ಸಿನಿಮಾ ಅದನ್ನೇ ಮೊದಲು ತೋರಿಸಿಬಿಡುತ್ತದೆ. ಅಲ್ಲಿ ಏನು ನಡೆದಿರಬಹುದು ಅನ್ನುವ ಊರಿನವರ ಭಯ ನಮಗೆ ತಾಗುವುದೇ ಇಲ್ಲ. ಇದಕ್ಕಿಂತ ದೊಡ್ಡ ತಕರಾರು ಅಬಿಗೇಲ್ ವಿಷಯದಲ್ಲಿ. ನಿಜವಾದ ಅಬಿಗೇಲ್‌ಗೆ 11 ಅಥವಾ 12 ವರ್ಷ, ಪ್ರಾಕ್ಟರ್‌ಗೆ ಸುಮಾರು 60. ಅವರಿಬ್ಬರ ಸಂಬಂಧ ಮಿಲ್ಲರ್ ಕಟ್ಟಿದ ಕಥೆ. ಕಥೆಗೆ ಅದರಿಂದ ಬಿಸಿ ಬಂತು, ಒಪ್ಪುತ್ತೇನೆ. ಆದರೆ ಎಲ್ಲ ಅನಾಹುತಕ್ಕೂ ಒಬ್ಬ ಹುಡುಗಿಯ ಹೊಟ್ಟೆಕಿಚ್ಚೇ ಕಾರಣ ಅನ್ನಿಸಿಬಿಟ್ಟರೆ, ದೂರಿಗೆ ಸಹಿ ಹಾಕಿದ ದೊಡ್ಡವರು, ವಾರಂಟ್ ಬರೆದವರು ಸುಮ್ನೆ ತಪ್ಪಿಸಿಕೊಳ್ಳುತ್ತಾರೆ ಅಲ್ವಾ? ದೂರು ಕೊಟ್ಟವರಲ್ಲಿ ಒಂದಾದ ಪಟ್ನಂ ಕುಟುಂಬದ ಜಮೀನಿನ ಆಸೆಗೆ ಸಿನಿಮಾ ಇನ್ನಷ್ಟು ಜಾಗ ಕೊಡಬೇಕಿತ್ತು.

ಮಾಟಗಾತಿಯರು ಇರಲಿಲ್ಲ, ಕಮ್ಯುನಿಸ್ಟರು ಇದ್ದರಲ್ಲ, ಹೋಲಿಕೆ ಹೇಗೆ ಸರಿ ಅಂತ ಹಳೆಯ ಆಕ್ಷೇಪವೂ ಒಂದಿದೆ. ಇದ್ದರು, ನಿಜ. ಆದರೆ ಸಮಿತಿ ಕೇಳುತ್ತಿದ್ದ ಎಷ್ಟೋ ಹೆಸರು ಅದಕ್ಕೆ ಮೊದಲೇ ಗೊತ್ತಿದ್ದವು. ಆದರೂ ಎದುರಿಗೆ ನಿಂತವರ ಬಾಯಿಂದಲೇ ಅವು ಬರಬೇಕಿತ್ತು. ಸಿನಿಮಾದಲ್ಲೂ ಹಾಗೇ, ಕೊನೆಗೆ ಮಾಟದ ಆರೋಪ ತನ್ನ ಮೇಲೇ ಬಂದ ಪ್ರಾಕ್ಟರ್ ಬಾಯಲ್ಲಿ ತಪ್ಪೊಪ್ಪಿಕೊಂಡರೂ ಡ್ಯಾನ್‌ಫೋರ್ತ್‌ಗೆ ಸಾಲುವುದಿಲ್ಲ. ಸಹಿ ಬೇಕು, ಅದನ್ನು ಚರ್ಚಿನ ಬಾಗಿಲಿಗೆ ಅಂಟಿಸಬೇಕು. ಹೋಲಿಕೆ ಗಟ್ಟಿಯಾಗಿ ನಿಲ್ಲುವುದು ಇಲ್ಲೇ ಅಂತ ನನಗನ್ನಿಸುತ್ತದೆ.

ಎರಡು ಗಂಟೆಯ ಸಿನಿಮಾ. ಮೊದಲ ಅರ್ಧ ಗಂಟೆ ಹುಡುಗಿಯರ ಕೂಗಾಟ ಜಾಸ್ತಿ, ಅಲ್ಲಿಗೇ ಬಿಟ್ಟು ಏಳಬೇಡಿ. ನಾಟಕ ಓದಿಲ್ಲದಿದ್ದರೆ ಸಿನಿಮಾ ನೋಡಿದ ಮೇಲೆ ಓದಿ, ಅದರಲ್ಲೂ ಕೋರ್ಟಿನ ಮೂರನೇ ಅಂಕವನ್ನು ಬಿಡಬೇಡಿ.