ಹಳೇ ಮಿನಿವ್ಯಾನ್ ಇದ್ದವರೇ, ಟ್ರಾನ್ಸ್‌ಮಿಷನ್ ಬಿಚ್ಚೋಕೆ ಸಹಿ ಹಾಕುವ ಮುಂಚೆ ಇದನ್ನು ಓದಿ

ಕ್ಯಾಲಿಫೋರ್ನಿಯಾದ ಬೇ ಏರಿಯಾದಲ್ಲಿ ಇರುವವರಿಗೆ, ಅದರಲ್ಲೂ ಹದಿನೈದು ವರ್ಷ ದಾಟಿದ ಮಿನಿವ್ಯಾನ್ ಓಡಿಸುತ್ತಿರುವವರಿಗೆ ಇದನ್ನು ಬರೆಯುತ್ತಿದ್ದೇನೆ. ಟ್ರಾನ್ಸ್‌ಮಿಷನ್ ಅಂಗಡಿಯವರು ‘ಫ್ರೀ ಚೆಕ್’ ಮಾಡಿ, ರೀಬಿಲ್ಡ್ ಆಗಲೇಬೇಕು, ನಾಲ್ಕು ಸಾವಿರ ಡಾಲರ್ ಅಂದರೆ ಕೂಡಲೇ ಹೂಂ ಅನ್ನಬೇಡಿ. ನಮ್ಮ ಮನೆಯಿಂದ ಆ ದುಡ್ಡು ಹೋಯಿತು. ಗೇರ್‌ಬಾಕ್ಸ್ ಪೂರ್ತಿ ಬಿಚ್ಚಿ ಕಟ್ಟಿಕೊಟ್ಟರು. ತೊಂದರೆ ಹಾಗೇ ಉಳಿಯಿತು. ಕೊನೆಗೆ ಸಿಕ್ಕಿದ್ದು ಗೇರ್‌ಬಾಕ್ಸಿನ ಹೊರಗೆ, ಉಜ್ಜಿ ಉಜ್ಜಿ ಸಿಪ್ಪೆ ಹೋಗಿದ್ದ ಒಂದು ವೈರ್.

ಅಂಗಡಿಯ ಹೆಸರು ಹಾಕುವುದಿಲ್ಲ, ವ್ಯಾನಿನ ಕಂಪನಿ ಹೆಸರೂ ಬೇಡ. ಯಾವ ಕಂಪನಿಯ ವ್ಯಾನಿಗೂ ಹೀಗೆ ಆಗಬಹುದು.

ಲಿವರ್‌ಮೋರ್ ದೇವಸ್ಥಾನದಿಂದ ಫ್ರೀಮಾಂಟ್‌ಗೆ ವಾಪಸ್ ಬರುತ್ತಿದ್ದೆವು. ನಾನೇ ಓಡಿಸುತ್ತಿದ್ದೆ, ಹಿಂದೆ ಅತ್ತೆ ಮಾವ ಕೂತಿದ್ದರು. 680 ಹೆದ್ದಾರಿಯಲ್ಲಿ ಸುನೋಲ್ ಏರು ಹತ್ತುವಾಗ ಸ್ಪೀಡೋಮೀಟರ್ ಮುಳ್ಳು ದಿಢೀರಂತ ಸೊನ್ನೆಗೆ ಬಿತ್ತು. ಅದರ ಹಿಂದೆಯೇ ಯಾರೋ ಗುದ್ದಿದ ಹಾಗೆ ಒಂದು ಜರ್ಕ್. ಆಮೇಲೆ ಎಂಜಿನ್ ಕೂಗಿಕೊಳ್ಳುತ್ತಿದೆ, ಗಾಡಿ ಮಾತ್ರ ಮುಂದೆ ಹೋಗಲ್ಲ. “ಏನಮ್ಮಾ, ಗೇರ್ ಬಿದ್ದಿಲ್ವಾ?” ಅಂದರು ಮಾವ. ಪಕ್ಕಕ್ಕೆ ನಿಲ್ಲಿಸಿ, ಆಫ್ ಮಾಡಿ, ಮತ್ತೆ ಸ್ಟಾರ್ಟ್ ಮಾಡಿದೆ. ಏನೂ ಆಗೇ ಇಲ್ಲ ಅನ್ನುವ ಹಾಗೆ ಮನೆ ತನಕ ಬಂತು.

ಇದಕ್ಕೆ ಲಿಂಪ್ ಮೋಡ್ ಅನ್ನುತ್ತಾರೆ. ಟ್ರಾನ್ಸ್‌ಮಿಷನ್ ನಡೆಸುವ ಕಂಪ್ಯೂಟರಿಗೆ ತನಗೆ ಬರುತ್ತಿರುವ ಲೆಕ್ಕದ ಮೇಲೆ ನಂಬಿಕೆ ಹೋದಾಗ, ಗೇರ್ ಬದಲಿಸುವುದನ್ನೇ ನಿಲ್ಲಿಸಿ ಒಂದೇ ಗೇರಿನಲ್ಲಿ ಕೂತುಬಿಡುತ್ತದೆ. ಎಷ್ಟೋ ಗಾಡಿಗಳಲ್ಲಿ ಅದು ಎರಡನೇ ಗೇರ್, ಕೆಲವದರಲ್ಲಿ ಮೂರು. ಒಳಗೆ ನಿಜಕ್ಕೂ ಕ್ಲಚ್ ಸವೆದಿದ್ದರೂ ಹೀಗಾಗುತ್ತದೆ, ಬರೀ ಸೆನ್ಸರ್ ಸುಳ್ಳು ಹೇಳಿದರೂ ಹೀಗೇ ಆಗುತ್ತದೆ. ಗಾಡಿಯಲ್ಲಿ ಕೂತವರಿಗೆ ಎರಡೂ ಒಂದೇ ತರ ಅನ್ನಿಸುತ್ತದೆ. ಬೇರೆ ಮಾಡಿ ನೋಡುವುದೇ ಮೆಕ್ಯಾನಿಕ್ ಕೆಲಸ. ನಮ್ಮ ಅಂಗಡಿಯವರು ಮಾಡದೇ ಇದ್ದದ್ದು ಅದನ್ನೇ.

ಮುಳ್ಳು ಬಿದ್ದ ವಿಷಯವನ್ನು ನಾನು ಅಂಗಡಿಯ ಕೌಂಟರಿನಲ್ಲಿ ಕೂತಿದ್ದವನಿಗೆ ಮೊದಲೇ ಹೇಳಿದೆ. ಆತ ಬರೆದುಕೊಳ್ಳಲೇ ಇಲ್ಲ. ಗಾಡಿಯ ಕಂಪ್ಯೂಟರ್ ಓದುವ ಸ್ಕ್ಯಾನರ್ ಹಾಕಿ ಪಿ0700 ಕೋಡ್ ತೋರಿಸಿ, “ಟ್ರಾನ್ಸ್‌ಮಿಷನ್ ಹೋಗಿದೆ” ಅಂದ. ಗಮನಿಸಿ, ಪಿ0700 ಯಾವ ರೋಗದ ಹೆಸರೂ ಅಲ್ಲ. ‘ಟ್ರಾನ್ಸ್‌ಮಿಷನ್ ಕಂಪ್ಯೂಟರಿನಲ್ಲಿ ಏನೋ ದೂರು ದಾಖಲಾಗಿದೆ, ಅಲ್ಲಿ ಹೋಗಿ ನೋಡಿ’ ಅಂತ ಎಂಜಿನ್ ಕಂಪ್ಯೂಟರ್ ಕೊಡುವ ಸೂಚನೆ ಅಷ್ಟೇ. ನಿಜವಾದ ಕೋಡ್ ಆ ಇನ್ನೊಂದು ಕಂಪ್ಯೂಟರಿನಲ್ಲಿ ಇರುತ್ತದೆ. ಇಪ್ಪತ್ತು ಡಾಲರಿನ ಸ್ಕ್ಯಾನರುಗಳಲ್ಲಿ ಎಷ್ಟೋ ಅಲ್ಲಿ ತನಕ ಹೋಗುವುದೇ ಇಲ್ಲ. ಪಿ0715 ಇದ್ದರೆ ಒಳಬರುವ ಶಾಫ್ಟಿನ ವೇಗ ಹೇಳುವ ಸೆನ್ಸರ್ ಕಡೆ ನೋಡಬೇಕು. ಪಿ0720 ಇದ್ದರೆ ಹೊರಹೋಗುವ ಕಡೆಯ ಸೆನ್ಸರ್. ಪಿ0731ರಿಂದ ಮುಂದಕ್ಕೆ ಇದ್ದರೆ ಆಯಾ ಗೇರಿನ ಅನುಪಾತ ತಪ್ಪಿದೆ, ಅಂದರೆ ಒಳಗೆ ಜಾರುತ್ತಿರಬಹುದು. ಪಿ0740, 0741 ಆದರೆ ಟಾರ್ಕ್ ಕನ್ವರ್ಟರಿನ (ಎಂಜಿನ್ ಬಲವನ್ನು ಟ್ರಾನ್ಸ್‌ಮಿಷನ್‌ಗೆ ದಾಟಿಸುವ ಭಾಗ) ಲಾಕಪ್ ಕ್ಲಚ್. ಇಷ್ಟು ಬೇರೆ ಬೇರೆ ದಾರಿ ಇರುವಾಗ 0700 ನೋಡಿ ರೀಬಿಲ್ಡ್ ಅನ್ನುವುದು ಯಾವ ಲೆಕ್ಕ?

ಆಮೇಲೆ ನನ್ನ ಗಂಡನನ್ನು ಒಳಗೆ ಕರೆದು, ಕೆಳಗಿನ ಪ್ಯಾನ್ ಬಿಚ್ಚಿ ತೋರಿಸಿದರಂತೆ. ಪ್ಯಾನಿನ ತಳದಲ್ಲಿ ಒಂದು ಅಯಸ್ಕಾಂತ ಇರುತ್ತದೆ, ಅದಕ್ಕೆ ಬೂದು ಬಣ್ಣದ ನುಣ್ಣನೆಯ ಕೆಸರು ಮೆತ್ತಿಕೊಂಡಿತ್ತು. “ನೋಡಿ, ಮೆಟಲ್!” ಈ ನಾಟಕಕ್ಕೆ ಮರುಳಾಗಬೇಡಿ. ಲಕ್ಷ ಮೈಲಿ ದಾಟಿದ ಯಾವ ಗಾಡಿಯ ಪ್ಯಾನ್ ಬಿಚ್ಚಿದರೂ ಆ ಕೆಸರು ಇರುತ್ತದೆ. ಅದನ್ನು ಹಿಡಿಯೋಕೇ ಅಲ್ವಾ ಅಲ್ಲಿ ಅಯಸ್ಕಾಂತ ಇಟ್ಟಿರುವುದು? ಬೆರಳಲ್ಲಿ ಉಜ್ಜಿದರೆ ಗ್ರೀಸಿನ ಹಾಗೆ ನುಣ್ಣಗಿದ್ದರೆ ಅದು ವಯಸ್ಸಿನ ಸವೆತ. ಚುಚ್ಚುವ ಚೂರು, ಹೊಳೆಯುವ ಎಳೆ, ಕಪ್ಪು ಕ್ಲಚ್ ಪುಡಿ ಸಿಕ್ಕಿದರೆ ಆಗ ಹೆದರಬೇಕು.

ಟ್ರಾನ್ಸ್‌ಮಿಷನ್ ಎಣ್ಣೆಯನ್ನು ನೀವೇ ನೋಡಿಕೊಳ್ಳಬಹುದು. ಮಟ್ಟ ನೋಡುವ ಅದರ ಕಡ್ಡಿ, ಅಂದರೆ ಡಿಪ್‌ಸ್ಟಿಕ್ ಎಳೆದು ಬಿಳಿ ಟಿಶ್ಯೂ ಮೇಲೆ ಒಂದು ಹನಿ ಬಿಡಿ. ಕೆಂಪಗೆ, ಇಲ್ಲವೇ ಸ್ವಲ್ಪ ಕಂದಾಗಿ ಹರಡಿಕೊಂಡರೆ ಸರಿ. ಕಪ್ಪಗಾಗಿ ಸುಟ್ಟ ವಾಸನೆ ಬಂದರೆ ಕ್ಲಚ್ ಸುಡುತ್ತಿದೆ. ಗುಲಾಬಿ ಹಾಲಿನ ಹಾಗಿದ್ದರೆ ರೇಡಿಯೇಟರ್ ಒಳಗಿನ ಕೂಲರ್ ಒಡೆದು ಕೂಲಂಟ್ ಸೇರಿದೆ, ಗಾಡಿ ಓಡಿಸಲೇಬೇಡಿ, ಟೋ ಮಾಡಿಸಿ. ಮಟ್ಟ ನೋಡುವ ಕ್ರಮ ಎಲ್ಲದಕ್ಕೂ ಒಂದೇ ಅಲ್ಲ. ತುಂಬಾ ಗಾಡಿಗಳಲ್ಲಿ ಬಿಸಿಯಾದ ಮೇಲೆ ಎಂಜಿನ್ ಓಡುತ್ತಿರುವಾಗ ನೋಡಬೇಕು, ಹೋಂಡಾದಲ್ಲಿ ಆಫ್ ಮಾಡಿದ ಕೂಡಲೇ ನೋಡಬೇಕು. ಕೆಲವು ವ್ಯಾನುಗಳಲ್ಲಿ ಡಿಪ್‌ಸ್ಟಿಕ್ಕೇ ಇಲ್ಲ, ಬರೀ ಮುಚ್ಚಳ. ಮ್ಯಾನುಯಲ್ ಓದಿ. ಎಣ್ಣೆಯೂ ಅಷ್ಟೇ: ಕ್ರೈಸ್ಲರಿಗೆ ಎಟಿಎಫ್+4, ಈಚಿನ ಟೊಯೊಟಾಗೆ ಡಬ್ಲ್ಯೂಎಸ್, ಹೋಂಡಾಗೆ ಡಿಡಬ್ಲ್ಯೂ-1. ‘ಎಲ್ಲದಕ್ಕೂ ಆಗುತ್ತೆ’ ಅನ್ನುವ ಡಬ್ಬಿಯ ಎಣ್ಣೆಯನ್ನು ನಾನಂತೂ ಹಾಕಿಸಲ್ಲ.

ನಮ್ಮ ಎಣ್ಣೆ ಕೆಂಪಗೇ ಇತ್ತು, ವಾಸನೆಯೂ ಇರಲಿಲ್ಲ. ಆದರೂ ರೀಬಿಲ್ಡ್ ಆಯಿತು. ಯಾಕೆ ಅಂದರೆ ಆ ಹೊತ್ತಿಗೆ ವ್ಯಾನ್ ಲಿಫ್ಟ್ ಮೇಲಿತ್ತು, ಗೇರ್‌ಬಾಕ್ಸ್ ಕೆಳಗಿಳಿದಿತ್ತು. ‘ಒಳಗೆ ನೋಡದೆ ಹೇಳೋಕಾಗಲ್ಲ’ ಅಂತ ಬಿಚ್ಚುತ್ತಾರೆ. ಬಿಚ್ಚಿದ ಮೇಲೆ ಬೇಡ ಅಂದರೆ ತಿರುಗಿ ಜೋಡಿಸೋಕೂ ದುಡ್ಡು ಕೇಳುತ್ತಾರೆ. ಅಲ್ಲಿಗೆ ನೀವು ಸಿಕ್ಕಿಹಾಕಿಕೊಂಡಿರಿ. ಕ್ಯಾಲಿಫೋರ್ನಿಯಾದ ನಿಯಮ ಇಲ್ಲಿ ಸ್ಪಷ್ಟವಾಗಿದೆ: ಕೆಲಸಕ್ಕೆ ಮುಂಚೆ ಬರಹದಲ್ಲಿ ಎಸ್ಟಿಮೇಟ್ ಕೊಡಬೇಕು. ಬಿಚ್ಚಿ ನೋಡುವುದಾದರೆ, ನೀವು ರಿಪೇರಿ ಬೇಡ ಅಂದಾಗ ತಿರುಗಿ ಜೋಡಿಸಲು ಎಷ್ಟಾಗುತ್ತದೆ ಅನ್ನುವುದೂ ಅದರಲ್ಲೇ ಇರಬೇಕು. ಹಳೇ ಭಾಗಗಳು ವಾಪಸ್ ಬೇಕು ಅಂತಲೂ ಮೊದಲೇ ಬರೆಸಿ. ನಮಗೆ ಕೊಟ್ಟ ಹಾಳೆಯಲ್ಲಿ ‘ಟ್ರಾನ್ಸ್‌ಮಿಷನ್ ತಪಾಸಣೆ’ ಅಂತ ಒಂದೇ ಒಂದು ಸಾಲು ಇತ್ತು.

ವ್ಯಾನ್ ಮನೆಗೆ ಬಂತು, ಕೆಲವು ವಾರ ಚೆನ್ನಾಗೇ ಓಡಿತು. ಆಮೇಲೆ ಒಂದು ಮಧ್ಯಾಹ್ನ ಮಕ್ಕಳನ್ನು ಸ್ಕೂಲಿನಿಂದ ಕರೆತರುವಾಗ ಮತ್ತೆ ಅದೇ: ಮುಳ್ಳು ಸೊನ್ನೆಗೆ, ಜರ್ಕ್, ಎರಡನೇ ಗೇರ್. ವಾರಂಟಿ ಇದೆಯಲ್ಲ ಅಂತ ಅಂಗಡಿಗೆ ಹೋದೆವು. ನೋಡಿ ಏನಂದರು ಗೊತ್ತಾ? “ನಮ್ಮ ವಾರಂಟಿ ಒಳಗಿನ ಭಾಗಗಳಿಗೆ ಮಾತ್ರ. ಇದು ಎಲೆಕ್ಟ್ರಿಕಲ್, ಹೊರಗಿನ ತೊಂದರೆ.” ಇದನ್ನು ನಾಲ್ಕು ಸಾವಿರ ತಗೊಳ್ಳುವ ಮುಂಚೆ ಹೇಳಬಹುದಿತ್ತಲ್ವಾ! ಮೈ ಉರಿದುಹೋಯಿತು. ಆದರೆ ಆ ಮಾತನ್ನೇ ಬಿಲ್ಲಿನ ಮೇಲೆ ಬರೆಸಿಕೊಂಡು ಬಂದೆ. ಆಮೇಲೆ ಅದೇ ಕೆಲಸಕ್ಕೆ ಬಂತು.

ಪರಿಚಯದವರೊಬ್ಬರು ಸ್ಯಾನ್ ಹೋಸೆಯಲ್ಲಿ ಬರೀ ಎಲೆಕ್ಟ್ರಿಕಲ್ ಕೆಲಸ ಮಾಡುವ ಒಬ್ಬರ ಹತ್ತಿರ ಕಳಿಸಿದರು. ಅವರು ತಪಾಸಣೆಗೆ ಗಂಟೆ ಲೆಕ್ಕದಲ್ಲಿ ದುಡ್ಡು ತಗೊಳ್ಳುತ್ತಾರೆ. ಫ್ರೀ ಅಲ್ಲ, ಅದೇ ಒಳ್ಳೆಯದು. ಮುಳ್ಳಿನ ವಿಷಯ ಹೇಳಿದ ಕೂಡಲೇ ತಲೆಯಾಡಿಸಿದರು. ನಮ್ಮ ವ್ಯಾನಿನಲ್ಲಿ ಸ್ಪೀಡೋಮೀಟರ್ ಲೆಕ್ಕ ತಗೊಳ್ಳುವುದು ಆ ಹೊರಹೋಗುವ ಕಡೆಯ ಸೆನ್ಸರಿನಿಂದಲೇ. ಟ್ರಾನ್ಸ್‌ಮಿಷನ್ ಕಂಪ್ಯೂಟರ್ ಓದಿದರು, ಪಿ0720. ಸೆನ್ಸರಿನ ಪಿನ್ನುಗಳಿಗೆ ಮೀಟರ್ ಹಿಡಿದರು, ಸರಿಯಾಗಿತ್ತು. ಆಮೇಲೆ ಗಾಡಿಯನ್ನು ಲಿಫ್ಟ್ ಮೇಲೆ ಎತ್ತಿ, ಚಕ್ರ ಗಾಳಿಯಲ್ಲಿ ತಿರುಗುತ್ತಿರುವಾಗ ಸ್ಕ್ಯಾನರಿನಲ್ಲಿ ವೇಗ ನೋಡುತ್ತಾ, ಉದ್ದನೆಯ ಕಡ್ಡಿಯಿಂದ ವೈರಿನ ಕಟ್ಟನ್ನು ಅಲ್ಲಲ್ಲಿ ಮೆಲ್ಲಗೆ ಅಲ್ಲಾಡಿಸಿದರು. ಒಂದು ಜಾಗದಲ್ಲಿ ಮುಟ್ಟಿದ ತಕ್ಷಣ ಅಂಕಿ ಸೊನ್ನೆಗೆ ಬಿತ್ತು. ಬಿಟ್ಟರೆ ಬಂತು. ಮುಟ್ಟಿದರೆ ಹೋಯಿತು. ಒಂದು ಬ್ರಾಕೆಟ್ಟಿನ ಅಂಚಿಗೆ ತಾಗಿ ಟೇಪು, ಸಿಪ್ಪೆ ಎರಡೂ ಸವೆದು, ತಾಮ್ರ ಹಸಿರು ಕಟ್ಟಿತ್ತು. ಎಂಜಿನ್ ಏರಿನಲ್ಲಿ ಎಳೆಯುವಾಗ ಒಂದು ಕಡೆ ವಾಲುತ್ತದೆ, ಆಗ ವೈರ್ ಬ್ರಾಕೆಟ್ಟಿಗೆ ಒತ್ತಿಕೊಳ್ಳುತ್ತಿತ್ತು. ಹೊಸ ತುಂಡು ಸೇರಿಸಿ, ಕೊಳವೆ ಹಾಕಿ, ಬೇರೆ ಕಡೆ ಕಟ್ಟಿದರು. ಎಲ್ಲಾ ಸೇರಿ ಮುನ್ನೂರು ಡಾಲರಿನ ಒಳಗೆ.

ಅವರು ಹೇಳಿದ್ದರಲ್ಲಿ ನಿಮಗೂ ಉಪಯೋಗಕ್ಕೆ ಬರುವುದು ಇದೆ. ನಲವತ್ತು-ಐವತ್ತು ಮೈಲಿ ವೇಗದಲ್ಲಿ ಸಮವಾಗಿ ಹೋಗುವಾಗ ಗಾಡಿ ಗಡಗಡ ಅಂದು, ಬ್ರೇಕ್ ಪೆಡಲ್ ಲಘುವಾಗಿ ಮುಟ್ಟಿದರೆ ನಿಂತುಹೋಗುತ್ತದಾ? ಅದು ಲಾಕಪ್ ಕ್ಲಚ್, ಸರಿಯಾದ ಹೊಸ ಎಣ್ಣೆ ಹಾಕಿದರೆ ಎಷ್ಟೋ ಸಲ ಹೋಗುತ್ತದೆ. ಪಾರ್ಕಿನಿಂದ ರಿವರ್ಸಿಗೆ ಹಾಕಿದಾಗ ಧಡ್ ಅಂದರೆ ಮೊದಲು ಎಂಜಿನ್ನನ್ನು ಹಿಡಿದಿಡುವ ಮೌಂಟ್ ನೋಡಿಸಿ. ಬ್ಯಾಟರಿ ಮುದಿಯಾಗಿದ್ದರೆ, ಅರ್ತ್ ವೈರಿಗೆ ತುಕ್ಕು ಹಿಡಿದಿದ್ದರೆ ಕಂಪ್ಯೂಟರ್ ಏನೇನೋ ಕೋಡ್ ಹಾಕುತ್ತದೆ. ಆದರೆ ಬಿಸಿಯಾದ ಮೇಲೆ ಡ್ರೈವ್‌ಗೆ ಹಾಕಿದರೂ ಮೂರು ನಾಲ್ಕು ಸೆಕೆಂಡ್ ಗಾಡಿ ಕದಲುವುದೇ ಇಲ್ಲ, ಅಥವಾ ಒಂದೇ ಗೇರಿನಲ್ಲಿ ಪ್ರತಿ ಸಲ ಎಂಜಿನ್ ಸುಮ್ನೆ ಏರಿಕೊಳ್ಳುತ್ತದೆ ಅಂದರೆ ಅದು ಒಳಗಿನದೇ ಇರಬಹುದು. ಅಲ್ಲಿ ಆಸೆ ಇಟ್ಟುಕೊಳ್ಳಬೇಡಿ.

ದುಡ್ಡಿನ ವಿಷಯ. ಕ್ಯಾಲಿಫೋರ್ನಿಯಾದಲ್ಲಿ ಗ್ಯಾರೇಜುಗಳ ಮೇಲೆ ಕಣ್ಣಿಡುವ ಸರ್ಕಾರಿ ಇಲಾಖೆ ಬ್ಯೂರೋ ಆಫ್ ಆಟೊಮೋಟಿವ್ ರಿಪೇರ್. ದೂರು ಕೊಡೋಕೆ ದುಡ್ಡಿಲ್ಲ. ದುಡ್ಡು ವಾಪಸ್ ಕೊಡಿ ಅಂತ ಒತ್ತಾಯ ಮಾಡುವ ಅಧಿಕಾರ ಅವರಿಗಿಲ್ಲ, ಎರಡೂ ಕಡೆಯವರ ಜೊತೆ ಮಾತಾಡುತ್ತಾರೆ. ಒಂದು ಸಾಲಿನ ಎಸ್ಟಿಮೇಟ್, ‘ಹೊರಗಿನ ತೊಂದರೆ’ ಅಂತ ಅಂಗಡಿಯವರೇ ಬರೆದ ಬಿಲ್, ಸ್ಯಾನ್ ಹೋಸೆಯ ಬಿಲ್, ವೈರಿನ ಫೋಟೋ, ಎಲ್ಲಾ ಕಳಿಸಿದೆವು. ಅಂಗಡಿಯವರು ಅರ್ಧಕ್ಕಿಂತ ಕಡಿಮೆ ವಾಪಸ್ ಕೊಟ್ಟರು. ಸಣ್ಣ ಮೊತ್ತದ ವ್ಯಾಜ್ಯ ನೋಡುವ ಸ್ಮಾಲ್ ಕ್ಲೇಮ್ಸ್ ಕೋರ್ಟಿಗೆ ಹೋಗಬಹುದಿತ್ತು, ಸಾಕಾಗಿ ಬಿಟ್ಟೆವು.

ಊರಿಗೆ ವಾಪಸ್ ಹೋಗುವವರಿಂದ ಅವಸರದಲ್ಲಿ ಹಳೇ ವ್ಯಾನ್ ಕೊಳ್ಳುವವರು ನಮ್ಮಲ್ಲಿ ಜಾಸ್ತಿ, ಅವರಿಗೆ ಒಂದೆರಡು ಮಾತು. ಮೊದಲು ವಿನ್ ನಂಬರ್ (ಗಾಡಿಯ ಗುರುತಿನ ಸಂಖ್ಯೆ) ಹಾಕಿ ಅಮೆರಿಕದ ರಸ್ತೆ ಸುರಕ್ಷತಾ ಇಲಾಖೆಯಾದ ಎನ್‌ಎಚ್‌ಟಿಎಸ್‌ಎ ಸೈಟಿನಲ್ಲಿ ರೀಕಾಲ್ ನೋಡಿ, ದುಡ್ಡಿಲ್ಲ. 2004ರಲ್ಲಿ ಹೋಂಡಾ ಸುಮಾರು 11 ಲಕ್ಷ ಗಾಡಿಗಳನ್ನು ಎರಡನೇ ಗೇರ್ ಬಿಸಿಯಾಗಿ ಮುರಿಯಬಹುದು ಅಂತ ವಾಪಸ್ ಕರೆದಿತ್ತು, 2002ರಿಂದ 2004ರ ಒಡಿಸ್ಸಿ ಅದರಲ್ಲಿತ್ತು. ಗಾಡಿ ತಣ್ಣಗಿರುವಾಗಲೇ ಸ್ಟಾರ್ಟ್ ಮಾಡಿ, ಆಮೇಲೆ ಚೆನ್ನಾಗಿ ಬಿಸಿಯಾಗುವ ತನಕ ಓಡಿಸಿ, ಒಂದು ಏರು ಹತ್ತಿಸಿ. ಇಲ್ಲಿ ಮಾರುವವರೇ 90 ದಿನದೊಳಗಿನ ಸ್ಮಾಗ್ (ಹೊಗೆ ತಪಾಸಣೆ) ಸರ್ಟಿಫಿಕೇಟ್ ಕೊಡಬೇಕು. ಚೆಕ್ ಎಂಜಿನ್ ದೀಪ ಉರಿಯುತ್ತಿದ್ದರೆ ಅದು ಸಿಗಲ್ಲ. ದೀಪ ಆರಿದೆ ಅಂತ ಸುಮ್ಮನಾಗಬೇಡಿ, ಸ್ಕ್ಯಾನರ್ ಹಾಕಿ, ಗಾಡಿಯ ಸ್ವಂತ ಪರೀಕ್ಷೆಗಳು ಮುಗಿದಿವೆಯಾ ಅಂತ ತೋರಿಸುವ ‘ಮಾನಿಟರ್’ ಪುಟ ನೋಡಿ. ತುಂಬಾ ಕಡೆ ‘ರೆಡಿ ಇಲ್ಲ’ ಅಂತ ಬಂದರೆ ಕೋಡುಗಳನ್ನು ಯಾರೋ ಈಚೆಗೆ ಅಳಿಸಿದ್ದಾರೆ, ಇಲ್ಲವೇ ಬ್ಯಾಟರಿ ಬಿಚ್ಚಿದ್ದಾರೆ. ಅಂಥ ಗಾಡಿಗೆ ಅಡ್ವಾನ್ಸ್ ಕೊಡಬೇಡಿ. ಒಂದು ವಾರ ಓಡಿಸಿ ಆಮೇಲೆ ತೋರಿಸಿ ಅನ್ನಿ.