ಸೆಕೆಂಡ್ ಹ್ಯಾಂಡ್ ಬೈಕಿಗೆ "ದೊಡ್ಡ ಸ್ಪ್ರಾಕೆಟ್ ಹಾಕ್ಸಿ ಸಾರ್" ಅಂದರೆ ಎದ್ದು ಬನ್ನಿ

ತುಮಕೂರಲ್ಲಿ ಹಳೇ ಬೈಕ್ ಹುಡುಕುತ್ತಿರೋರು ದಯವಿಟ್ಟು ಪೂರ್ತಿ ಓದಿ. ಅಂಗಡಿ ಹೆಸರು ಹಾಕೋದಿಲ್ಲ, ಕೇಳಬೇಡಿ. ನನಗೆ ಬೈಕ್ ಮಾರಿದ ಆಸಾಮಿಯ ವಾಟ್ಸಾಪ್ ಸ್ಟೇಟಸ್‌ನಲ್ಲಿ ಇವತ್ತು ಬೆಳಿಗ್ಗೆ ಇನ್ನೊಂದು ಗಾಡಿ ಬಂದಿದೆ. ಕೆಳಗೆ "ಹೊಸ ಚೈನ್ ಸೆಟ್, ಸೂಪರ್ ಮೈಲೇಜ್" ಅಂತ ಬರೆದಿದ್ದಾರೆ (ಚೈನ್ ಸೆಟ್ ಅಂದರೆ ಚೈನು, ಜೊತೆಗೆ ಅದು ಸುತ್ತೋ ಮುಂದಿನ, ಹಿಂದಿನ ಹಲ್ಲಿನ ಚಕ್ರಗಳು, ಅಂದರೆ ಸ್ಪ್ರಾಕೆಟ್‌ಗಳು). ಅದನ್ನ ನೋಡಿದ ಮೇಲೆ ಸುಮ್ನೆ ಇರೋಕೆ ಆಗಲಿಲ್ಲ.

ನಾನು ತಗೊಂಡಿದ್ದು 150 ಸಿಸಿ ಗಾಡಿ, ಕೆಎ 06 ನಂಬರ್. ದಿನಾ ತುಮಕೂರಿಂದ ಡಾಬಸ್‌ಪೇಟೆಗೆ ಕೆಲಸಕ್ಕೆ ಹೋಗಿ ಬರೋಕೆ. ಆರ್‌ಸಿ ನೋಡಿದೆ, ಇನ್ಶೂರೆನ್ಸ್ ನೋಡಿದೆ, ಚಾಸಿ ನಂಬರ್ ತಾಳೆ ಹಾಕಿದೆ, ಟೈರ್ ನೋಡಿದೆ, ತಣ್ಣಗಿರೋ ಇಂಜಿನ್ ಸ್ಟಾರ್ಟ್ ಮಾಡಿಸಿದೆ. ಎಲ್ಲರೂ ನೋಡೋದು ಇಷ್ಟೇ ಅಲ್ವಾ. ಓಡಿಸಿ ನೋಡಿದಾಗ ಒಂದೇ ತಕರಾರು. ಅರವತ್ತು ದಾಟಿದರೆ ಕಾಲಿಡೋ ಜಾಗದಲ್ಲಿ ನಡುಕ, ಕೆಳಗಿನಿಂದ ಕರಕರ ಸದ್ದು. ಬಂದು ಹೇಳಿದೆ.

ಅವರು ಗಾಡಿ ಕಡೆ ತಿರುಗಿಯೂ ನೋಡಲಿಲ್ಲ. ಟೀ ತರಿಸಿದರು. "ಸಾರ್, ನೀವು ಹೈವೇಲಿ ಓಡ್ಸೋರು. ಕಂಪನಿಯವರು ಸಿಟಿಗೆ ಅಂತ ಮುಂದೆ ಸಣ್ಣ ಸ್ಪ್ರಾಕೆಟ್ ಹಾಕಿರ್ತಾರೆ. ಇಂಜಿನ್ ಸುಮ್ನೆ ಕಿರಚ್ಕೊಳ್ಳುತ್ತೆ. ಎರಡು ಹಲ್ಲು ಜಾಸ್ತಿ ಇರೋದು ಹಾಕ್ಸಿ. ನಡುಕ ಹೋಗುತ್ತೆ, ಮೈಲೇಜ್ ಹತ್ತು ಜಾಸ್ತಿ ಬರುತ್ತೆ. ನಮ್ಮ ಹುಡುಗನೇ ಹಾಕ್ತಾನೆ, ಚೈನ್ ಸೆಟ್ಟಿಗೆ 2,900 ಕೊಡಿ."

ಕೆಟ್ಟ ಕೋಪ ಬರೋದು ಎಲ್ಲಿ ಅಂದರೆ, ಈ ಮಾತು ಪೂರ್ತಿ ಸುಳ್ಳೂ ಅಲ್ಲ. ನನ್ನ ಗಾಡಿಗೆ ಕಂಪನಿ ಕೊಟ್ಟಿರೋದು ಮುಂದೆ 14 ಹಲ್ಲು, ಹಿಂದೆ 42. ಅಂದರೆ ಮುಂದಿನದು ಮೂರು ಸುತ್ತು ತಿರುಗಿದರೆ ಹಿಂದಿನ ಚಕ್ರ ಒಂದು ಸುತ್ತು. ಮುಂದೆ 16 ಹಾಕಿದರೆ ಅದು 2.625ಕ್ಕೆ ಇಳಿಯುತ್ತೆ. ಅದೇ ಸ್ಪೀಡಿಗೆ ಇಂಜಿನ್ ಶೇಕಡಾ 12.5 ಕಡಿಮೆ ತಿರುಗುತ್ತೆ, ನಿಜ. ಆದರೆ ಚಕ್ರಕ್ಕೆ ಸಿಗೋ ಎಳೆತವೂ ಅಷ್ಟೇ ಕಡಿಮೆಯಾಗುತ್ತೆ. ಅದನ್ನ ಯಾರು ಹೇಳ್ತಾರೆ? ಮುಂದೆ ಒಂದು ಹಲ್ಲು ಬದಲಾದರೆ ಹಿಂದೆ ಸುಮಾರು ಮೂರು ಹಲ್ಲು ಬದಲಾಯಿಸಿದ ಲೆಕ್ಕ. ಎರಡು ಅಂದರೆ 150 ಸಿಸಿ ಗಾಡಿಗೆ ಸಣ್ಣ ವಿಷಯ ಅಲ್ಲ.

ಗಾಡಿ ಕೈಗೆ ಬಂದಾಗ ಚೈನ್ ಫಳಫಳ ಅಂತಿತ್ತು. ಹೊಸದೇ ಅಂದುಕೊಂಡು ಫೋನ್‌ಪೇ ಮಾಡಿದೆ. ಬಿಳಿ ಚೀಟಿಯಲ್ಲಿ "ಚೈನ್ ಸೆಟ್ 2,900" ಅಂತ ಬರೆದುಕೊಟ್ಟರು.

ಮೊದಲ ವಾರ ಹೈವೇಲಿ ನಡುಕ ಸ್ವಲ್ಪ ಕಡಿಮೆ ಅನ್ನಿಸಿದ್ದು ನಿಜ. ಆದರೆ ಎದುರುಗಾಳಿ ಇದ್ದರೆ ಐದನೇ ಗೇರಲ್ಲಿ ಗಾಡಿ ಎಳೆಯೋದೇ ಇಲ್ಲ. ಕ್ಯಾತಸಂದ್ರ ದಾಟಿದ ಮೇಲೆ ಆಕ್ಸಿಲರೇಟರ್ ಪೂರ್ತಿ ತಿರುಗಿಸಿದರೂ ಸ್ಪೀಡ್ ಇಳಿಯುತ್ತೆ, ನಾಲ್ಕಕ್ಕೆ ಇಳಿಸಬೇಕು. ಮೈಲೇಜ್ 40 ಮುಟ್ಟಲಿಲ್ಲ.

ಫೋನ್ ಮಾಡಿದೆ. "ಹೊಸ ಸ್ಪ್ರಾಕೆಟ್ ಸಾರ್, ಸೆಟ್ ಆಗ್ಬೇಕು. 500 ಕಿಲೋಮೀಟರ್ ಓಡ್ಸಿ."

ಓಡಿಸಿದೆ. ಮತ್ತೆ ಫೋನ್. "ಐದನೇ ಗೇರ್ ಯಾಕೆ ಹಾಕ್ತೀರಾ ಸಾರ್, ನಾಲ್ಕರಲ್ಲೇ ಓಡ್ಸಿ." ಇದನ್ನ ಇನ್ನೊಂದು ಸಲ ಓದಿ. ಟಾಪ್ ಗೇರಲ್ಲಿ ಇಂಜಿನ್ ಆರಾಮಾಗಿರಲಿ ಅಂತ 2,900 ಕೊಟ್ಟವನಿಗೆ ಟಾಪ್ ಗೇರ್ ಹಾಕಬೇಡ ಅನ್ನೋ ಸಲಹೆ!

ಮೂರನೇ ಸಲ ಕೇಳಿದ್ದಕ್ಕೆ, "ಸ್ಪ್ರಾಕೆಟ್ ಬದಲಾಯ್ಸಿದ್ರೆ ಮೀಟರ್ ತಪ್ಪು ತೋರ್ಸುತ್ತೆ ಸಾರ್, ನೀವು ನಿಜವಾಗ್ಲೂ ಜಾಸ್ತಿ ಸ್ಪೀಡಲ್ಲೇ ಹೋಗ್ತಿರ್ತೀರಾ" ಅಂದರು. ಗೇರ್‌ಬಾಕ್ಸ್ ಕಡೆಯಿಂದ ಮೀಟರ್ ಓಡೋ ಗಾಡಿಗಳಲ್ಲಿ ಹಾಗೆ ಆಗುತ್ತೆ. ನನ್ನ ಗಾಡಿಯ ಮೀಟರ್ ಕೇಬಲ್ ಇರೋದು ಮುಂದಿನ ಚಕ್ರಕ್ಕೆ. ಸ್ಪ್ರಾಕೆಟ್ಟಿಗೂ ಅದಕ್ಕೂ ಸಂಬಂಧವೇ ಇಲ್ಲ.

ಮರ್ಯಾದೆ ಹೋಗಿದ್ದು ದೇವರಾಯನದುರ್ಗದಲ್ಲಿ. ಹಿಂದೆ ಭಾಮೈದ ಕೂತಿದ್ದ. ಅತ್ತೆ ಮಾವ, ನನ್ನ ಹೆಂಡತಿ ಕಾರಲ್ಲಿ ಹಿಂದೆ ಬರ್ತಿದ್ದರು. ಭೋಗನರಸಿಂಹ ದೇವಸ್ಥಾನ ದಾಟಿ ಯೋಗನರಸಿಂಹನ ಕಡೆ ಏರೋ ತಿರುವಿನಲ್ಲಿ ಗಾಡಿ ಮೊದಲನೇ ಗೇರಲ್ಲೂ ಉಸಿರು ಬಿಡ್ತು. ಅರ್ಧ ಕ್ಲಚ್ ಹಿಡಿದು ಎಳೆಸಿದೆ. ಸುಟ್ಟ ವಾಸನೆ. ಆಮೇಲೆ ಇಂಜಿನ್ ಸದ್ದು ಮಾತ್ರ ಏರುತ್ತೆ, ಗಾಡಿ ನಿಂತಲ್ಲೇ ನಿಂತಿದೆ. "ಭಾವ, ನಾನು ನಡ್ಕೊಂಡು ಬರ್ತೀನಿ ಬಿಡಿ" ಅಂತ ಭಾಮೈದ ಇಳಿದ. ಕಾರು ಪಕ್ಕಕ್ಕೆ ಬಂತು, ಕಿಟಕಿ ಇಳೀತು. ಮಾವ ಒಂದು ಮಾತೂ ಆಡಲಿಲ್ಲ. ಆಡಿದ್ದರೇ ವಾಸಿಯಿತ್ತು. ತಡೆಗೋಡೆ ಮೇಲಿದ್ದ ಕೋತಿಗಳು ಕೂಡ ನನ್ನನ್ನೇ ನೋಡುತ್ತಿದ್ದವು.

ಮಾರನೇ ದಿನ ಗುಬ್ಬಿ ಗೇಟ್ ಕಡೆ ಇರೋ ಒಬ್ಬ ವಯಸ್ಸಾದ ಮೆಕ್ಯಾನಿಕ್ ಹತ್ತಿರ ಹೋದೆ. ಅವರು ಮೊದಲು ಮಾಡಿದ್ದೇ ಬೇರೆ. ಕೂತುಕೊಂಡು, ಹಿಂದಿನ ಸ್ಪ್ರಾಕೆಟ್‌ನ ಹಿಂಭಾಗದಲ್ಲಿ ಚೈನನ್ನ ಎರಡು ಬೆರಳಲ್ಲಿ ಹಿಡಿದು ಹಿಂದಕ್ಕೆ ಎಳೆದರು. ಚೈನ್ ಎದ್ದು ಬಂತು. ಕೆಳಗೆ ಅರ್ಧ ಹಲ್ಲು ಬಯಲಿಗೆ ಬಿತ್ತು. ಒಳ್ಳೇ ಚೈನ್ ಹಾಗೆ ಏಳೋದೇ ಇಲ್ಲ. ಹಿಂದಿನ ಹಲ್ಲುಗಳೆಲ್ಲ ಚೂಪಾಗಿ ಒಂದೇ ಕಡೆಗೆ ಕೊಕ್ಕೆ ಹಾಗೆ ಬಾಗಿದ್ದವು. ಆಮೇಲೆ ಗೇರ್ ಲಿವರ್ ಬಿಚ್ಚಿ ಎಡಗಡೆ ಕವರ್ ತೆಗೆದರು. ಒಳಗೆ ಹೊಸ ಸ್ಪ್ರಾಕೆಟ್, ಮೇಲೆ 16 ಅಂತ ಅಚ್ಚು. ಕವರಿನ ಒಳಗೋಡೆಯಲ್ಲಿ ಚೈನ್ ಉಜ್ಜಿ ಉಜ್ಜಿ ಬಿಲ್ಲಿನಾಕಾರದ ಹೊಳೆಯೋ ಗೆರೆ. ಗ್ರೀಸಲ್ಲಿ ಬೆಳ್ಳಿ ಪುಡಿ ಹಾಗೆ ಅಲ್ಯೂಮಿನಿಯಂ.

"ಇದನ್ನ ನೋಡಣ್ಣ" ಅಂತ ಹಿಂದಿನ ಚಕ್ರದಲ್ಲಿ ಚೈನ್ ಬಿಗಿ ಮಾಡೋ ಅಡ್ಜಸ್ಟರ್ ತೋರಿಸಿದರು. ಕೊನೇ ಗೆರೆಗೆ ಬಂದು ನಿಂತಿತ್ತು. "ಚೈನ್ ಹಿಗ್ಗಿ ಹೋಗೈತೆ. ಚಕ್ರ ಹಿಂದಕ್ಕೆ ಎಳೆಯೋಕೆ ಇನ್ನು ಜಾಗ ಇಲ್ಲ. ಹೊಸ ಚೈನ್ ಹಾಕ್ಬೇಕಿತ್ತು. ಅದರ ಬದ್ಲು ಮುಂದೆ ದೊಡ್ಡದು ಹಾಕಿ ಸಡಿಲನ ನುಂಗ್ಸವ್ರೆ. ಪ್ಯಾಂಟ್ ಲೂಸಾಯ್ತು ಅಂತ ಹೊಟ್ಟೆ ಬೆಳೆಸಿದಂಗೆ."

ಅಲ್ಲಿ ನನಗೆ ತಲೆ ಧಿಮ್ಮೆಂದಿತು. ಮೈಲೇಜ್, ಹೈವೇ, ಇಂಜಿನ್ ಕಿರಚೋದು, ಎಲ್ಲ ನಾಟಕ. ಸತ್ತ ಚೈನನ್ನ ಮುಚ್ಚೋಕೆ ಎರಡು ಹಲ್ಲು. ಹಳೇ ಚೈನನ್ನ ತೊಳೆದು ಎಣ್ಣೆ ಬಿಟ್ಟು ಫಳಫಳ ಮಾಡಿ, ನನ್ನ ದುಡ್ಡಲ್ಲೇ ನನಗೆ ಟೋಪಿ. ಕರಕರ ಸದ್ದು, ನಡುಕ ಎಲ್ಲಕ್ಕೂ ಕಾರಣ ಆ ಚೈನು, ಜೊತೆಗೆ ಹಿಂದಿನ ಚಕ್ರದ ನಡುಭಾಗದ ಹಬ್‌ ಒಳಗೆ ಪುಡಿಯಾಗಿದ್ದ, ಜರ್ಕ್ ತಡೆಯೋ ರಬ್ಬರ್. ಹಿಗ್ಗಿದ ಚೈನ್ ಹೊಸ ಸ್ಪ್ರಾಕೆಟ್ಟನ್ನೂ ಬೇಗ ತಿಂದು ಹಾಕುತ್ತೆ. ಅದಕ್ಕೇ ಮೂರನ್ನೂ ಒಟ್ಟಿಗೆ ಬದಲಾಯಿಸೋದು. ಸೆಟ್ ಅನ್ನೋದು ಅದಕ್ಕೇ.

ಕಿತ್ತ ಚೈನನ್ನ ಕವರಲ್ಲಿ ಹಾಕಿಕೊಂಡು ಅಂಗಡಿಗೆ ಹೋದೆ. ಮೇಜಿನ ಮೇಲಿಟ್ಟು, ಚೈನ್ ಸೆಟ್ಟಿಗೆ ದುಡ್ಡು ತಗೊಂಡಿದ್ದೀರಲ್ಲ, ಚೈನ್ ಎಲ್ಲಿ ಅಂದೆ. ಆಸಾಮಿ ಮುಖದಲ್ಲಿ ಒಂದು ಗೆರೆ ಬದಲಾಗಲಿಲ್ಲ.

"ಚೈನ್ ಸೆಟ್ ಅಂದ್ರೆ ಚೈನ್ ಸೆಟ್ಟಿಂಗ್ ಸಾರ್. ಸೆಟ್ಟಿಂಗ್ ಮಾಡಿ ಕೊಟ್ಟಿದೀವಲ್ಲ?"

ಎರಡು ನಿಮಿಷ ನನಗೆ ಮಾತೇ ಹೊರಡಲಿಲ್ಲ. ಸೆಟ್ಟಿಂಗಿಗೆ 2,900? "ನಾನು ಸಲಹೆ ಕೊಟ್ಟೆ ಸಾರ್, ಬಲವಂತ ಮಾಡಿದ್ನಾ? ಬೆಟ್ಟಕ್ಕೆ ಹೋಗ್ತೀನಿ ಅಂತ ನೀವೂ ಹೇಳ್ಲಿಲ್ಲ." ತುಮಕೂರಲ್ಲಿ ಗಾಡಿ ಇಟ್ಟುಕೊಂಡವನು ದೇವರಾಯನದುರ್ಗಕ್ಕೆ ಹೋಗೋದನ್ನ ಮೊದಲೇ ಅರ್ಜಿ ಹಾಕಿ ಹೇಳಬೇಕಂತೆ!

2023ರ ಏಪ್ರಿಲ್ 1ರಿಂದ ಹಳೇ ಗಾಡಿ ಮಾರೋ ಡೀಲರ್‌ಗಳು ಆರ್‌ಟಿಒದಿಂದ ಅಧಿಕಾರ ಪತ್ರ ಪಡೀಬೇಕು, ನಮೂನೆ 29ಬಿ, ನಿಮ್ಮದು ತೋರಿಸಿ ಅಂದೆ. "ಅದೆಲ್ಲ ಬೆಂಗಳೂರಿನ ದೊಡ್ಡ ಶೋರೂಮಿಗೆ ಸಾರ್." ಅಲ್ಲ ಸ್ವಾಮಿ, ನಿಯಮ ಇರೋದು ಇಡೀ ದೇಶಕ್ಕೆ.

ಈಗ ಗಾಡಿಗೆ ಕಂಪನಿ ಲೆಕ್ಕದ 14–42 ಹೊಸ ಸೆಟ್, ಹಬ್ ರಬ್ಬರ್, ಕ್ಲಚ್ ಪ್ಲೇಟ್ ಹಾಕಿಸಿದ್ದೇನೆ. ಇನ್ನೂ 3,400 ಹೋಯ್ತು. ಅದೇ ಹೈವೇ, ಅದೇ ಐದನೇ ಗೇರ್, ಮೈಲೇಜ್ 46 ಬರ್ತಿದೆ.

ನೀವು ಇಷ್ಟು ಮಾಡಿ. ಹಳೇ ಬೈಕ್ ನೋಡೋಕೆ ಹೋದಾಗ ಹಿಂದಿನಿಂದ ಚೈನ್ ಎಳೆದು ನೋಡಿ. ಅಡ್ಜಸ್ಟರ್ ಗೆರೆ ನೋಡಿ, ಕೊನೆಗೆ ಬಂದಿದ್ದರೆ ಹೊಸ ಸೆಟ್ಟಿನ ದುಡ್ಡನ್ನ ಗಾಡಿ ರೇಟಲ್ಲೇ ಇಳಿಸಿ. ಹಲ್ಲು ಬದಲಾಯಿಸೋ ಆಸೆ ಇದ್ದರೆ ಗಾಡಿ ಮಾರೋನ ಮಾತು ಕೇಳಬೇಡಿ, ಅವನಿಗೆ ಬೇಕಿರೋದು ಗಾಡಿ ಗೇಟ್ ದಾಟೋದು. ಬಿಲ್ಲಲ್ಲಿ ಚೈನ್, ಮುಂದಿನದು, ಹಿಂದಿನದು ಬೇರೆ ಬೇರೆ ಬರೆಸಿ, ಹಲ್ಲಿನ ಲೆಕ್ಕ ಸಮೇತ. ಕಿತ್ತ ಹಳೇ ಸಾಮಾನು ಕೇಳಿ ಮನೆಗೆ ತನ್ನಿ. ಕೊಡಲ್ಲ ಅಂದರೆ ಕಿತ್ತೇ ಇಲ್ಲ ಅಂತ ಅರ್ಥ.

ನಾನು ಗ್ರಾಹಕ ಸಹಾಯವಾಣಿ 1915ಕ್ಕೆ ಫೋನ್ ಮಾಡಿ ದೂರು ಕೊಟ್ಟಿದ್ದೇನೆ. ಜಿಲ್ಲಾ ಗ್ರಾಹಕ ಆಯೋಗಕ್ಕೆ ಹೋದರೂ 5 ಲಕ್ಷದವರೆಗಿನ ದೂರಿಗೆ ಶುಲ್ಕ ಇಲ್ಲ. ದೂರಿನ ನಂಬರನ್ನ ಆಸಾಮಿಗೆ ವಾಟ್ಸಾಪ್ ಮಾಡಿದೆ. ಇಷ್ಟು ದಿನ ಬ್ಲೂ ಟಿಕ್ ಬಿಟ್ಟು ಬೇರೇನೂ ಕೊಡದವರು ತಕ್ಷಣ ಉತ್ತರ ಕಳಿಸಿದರು: "ಯಾಕ್ ಸಾರ್ ಇದೆಲ್ಲ, ಅಂಗಡಿಗೆ ಬನ್ನಿ, ಟೀ ಕುಡ್ಕೊಂಡು ಮಾತಾಡೋಣ."

ಹೋಗಲ್ಲ. ಫೋನ್‌ಪೇಲಿ ತಗೊಂಡಿದ್ದು, ಫೋನ್‌ಪೇಲೇ ವಾಪಸ್ ಹಾಕಲಿ.